ಬಿಲ್ಲೇರಿಸುವ ಪ್ರಸಂಗ

ಕಳೆದ ಶ್ರಾವಣದಲ್ಲಿ ಕಮಠಾಣದ ಒಂದು ಮನೆಯ ಪಡಸಾಲೆಯಲ್ಲಿ ಭಾರತವಾಚನವು ನಡೆಯುತ್ತಿದ್ದಿತು. ಓದುತ್ತಿದ್ದುದು ದ್ರೌಪದೀ ಸ್ವಯಂವರದ ಭಾಗ. ಅರಸರು ಒಬ್ಬರ ಹಿಂದೊಬ್ಬರು ಬಿಲ್ಲಿನೆಡೆಗೆ ಬಂದು ಮುಖಭಂಗವನ್ನು ಹೊಂದಿ ಮರಳುತ್ತಿರಲು, ಕಂಬಕ್ಕೆ ಒರಗಿ ಕುಳಿತಿದ್ದ ಹತ್ತು ಹನ್ನೊಂದು ವರ್ಷದ ಹುಡುಗನೊಬ್ಬನು ವಾಚಕರನ್ನು ನಡುವೆ ತಡೆದು, "ಅಜ್ಜಾರ, ಆ ಬಿಲ್ಲ ಎತ್ತಲಾಕ ವಜ್ಜಿತ್ತೇನ್ರಿ, ಬಾಗಸಲಾಕ ಬಿರಸಿತ್ತೇನ್ರಿ?" ಎಂದು ಕೇಳಿಬಿಟ್ಟನು. ವಾಚಕರು ವಯೋವೃದ್ಧರು, ಸಹನೆಯುಳ್ಳವರು. "ಎರಡೂ ಇತ್ತಪಾ" ಎಂದು ನಕ್ಕು ಮುಂದಿನ ಪದ್ಯಕ್ಕೆ ಹೋದರು. ಸಭೆಯೂ ನಕ್ಕಿತು. ಆದರೆ ಆ ಹುಡುಗನ ಪ್ರಶ್ನೆಯಲ್ಲಿ ನಮ್ಮ ವಿಮರ್ಶಕರು ಕೇಳಬೇಕಾಗಿದ್ದು ಕೇಳದೆ ಬಿಟ್ಟ ಮಾತೊಂದು ಅಡಗಿದೆಯೆಂದು ನಮಗೆ ಅಂದಿನಿಂದಲೂ ತೋರುತ್ತಲಿದೆ. ಅದನ್ನೇ ಇಲ್ಲಿ ವಾಚಕರ ಮುಂದೆ ಇಡುತ್ತೇವೆ.

ಬಿಲ್ಲಿನ ಭಾರವೆಂಬುದು ತಕ್ಕಡಿಯ ಭಾರವಲ್ಲ. ಎಂಥ ಬಿರುಸಾದ ಬಿಲ್ಲನ್ನಾದರೂ ಹುಡುಗಿಯೊಬ್ಬಳು ಒಂದು ಕೈಯಲ್ಲಿ ಹಿಡಿದು ನಡೆದಾಳು. ಹೆದೆಯನ್ನು ಕಿವಿಯವರೆಗೆ ಸೆಳೆದು ನಿಲ್ಲುವಾಗ ತೋಳು ಬೆನ್ನುಗಳು ತಡೆಯಬೇಕಾದ ಭಾರವೇ ಬೇರೆ. 1545ರಲ್ಲಿ ಇಂಗ್ಲೆಂಡಿನ ಕರೆಯ ಬಳಿ ಮುಳುಗಿ 1982ರಲ್ಲಿ ಮೇಲಕ್ಕೆತ್ತಲ್ಪಟ್ಟ 'ಮೇರಿ ರೋಸ್' ಎಂಬ ಯುದ್ಧದ ಹಡಗಿನಲ್ಲಿ ನೂರಕ್ಕೂ ಮಿಕ್ಕಿ ಇಡಿಯ ಬಿಲ್ಲುಗಳು ದೊರೆತುವು. ಅವುಗಳ ಸೆಳೆತವು ಸುಮಾರು 100 ಪೌಂಡಿನಿಂದ 185 ಪೌಂಡಿನವರೆಗೆ ಇದ್ದಿರಬೇಕೆಂದು ಪಂಡಿತರು ಲೆಕ್ಕ ಹಾಕಿರುವರು. ಕೈಗೆ ಎತ್ತಿಕೊಂಡರೆ ಅಂಥ ಬಿಲ್ಲು ಒಂದು ಕಿಲೋಗ್ರಾಮಿನ ಆಸುಪಾಸು ತೂಗುವುದು! ಇಂದು ಒಲಿಂಪಿಕ್ ಪಂದ್ಯಗಳಲ್ಲಿ ಎಸೆಯುವ ಗಂಡಸರ ಬಿಲ್ಲಿನ ಸೆಳೆತವು 50 ಪೌಂಡಿನ ಸುತ್ತಮುತ್ತ ಇರುವುದೆಂಬುದನ್ನು ನೆನೆದರೆ ಹಳೆಯ ಬಿಲ್ಲಾಳುಗಳ ಮೈ ಎಂಥದೆಂಬುದು ಊಹೆಗೆ ಬರುವುದು. ಆ ಹಡಗಿನಲ್ಲಿ ದೊರೆತ ಕೆಲವು ಅಸ್ಥಿಪಂಜರಗಳಲ್ಲಿ ಹೆಗಲೆಲುಬಿನ ತುದಿಯು ಉಳಿದ ಎಲುಬಿನೊಡನೆ ಬೆಸೆದುಕೊಂಡಿರಲಿಲ್ಲ. ಚಿಕ್ಕಂದಿನಿಂದಲೇ ಬಿರುಸಾದ ಬಿಲ್ಲನ್ನು ಸೆಳೆದುದರ ಗುರುತು ಅದು ಎಂದು ಹಲವರ ಅಭಿಪ್ರಾಯ. ಬಿಲ್ಲು ಆಳನ್ನು ಎಲುಬಿನವರೆಗೂ ತಿದ್ದುತ್ತದೆ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ನಮ್ಮ ಮಹಾಕಾವ್ಯಗಳ ಎರಡು ಬಿಲ್ಲುಗಳನ್ನು ನೋಡೋಣ. ವಾಲ್ಮೀಕಿಗಳ ಶಿವಧನುಸ್ಸು ಎಂಟು ಗಾಲಿಗಳ ಕಬ್ಬಿಣದ ಪೆಟ್ಟಿಗೆಯಲ್ಲಿ ಬರುತ್ತದೆ. ಅದನ್ನು ಐದು ಸಾವಿರ ಮಂದಿ ಕಷ್ಟದಿಂದ ಎಳೆಯುತ್ತಾರೆ. ಹಿಂದೆ ಬಂದ ಅರಸರು ಅದನ್ನು ಹಿಡಿಯಲೂ ಎತ್ತಲೂ ಶಕ್ತರಾಗಲಿಲ್ಲವಂತೆ. ಅದು ದೇವರ ಬಿಲ್ಲು. ಅದಕ್ಕೆ ತೂಕವಿರುವುದು ಸಹಜವೇ. ವ್ಯಾಸರ ಬಿಲ್ಲಾದರೋ ದ್ರುಪದನು ಹೇಳಿ ಮಾಡಿಸಿದುದು, ಮನುಷ್ಯರ ಕೈಯ ಕೆಲಸ. ಅದನ್ನು ಎತ್ತಲಾರದೆ ಯಾರೂ ಸೋಲುವುದಿಲ್ಲ. ಬಗ್ಗಿಸಹೋದವರನ್ನು ಅದು ತಿರುಗಿ ಚಿಮ್ಮಿ ನೆಲಕ್ಕೆ ಕೆಡಹುತ್ತದೆ. ಕಿರೀಟಗಳು ಜಾರುತ್ತವೆ, ಹಾರಗಳು ಹರಿಯುತ್ತವೆ. ಈ ಒಂದು ವಿವರಕ್ಕಾಗಿ ನಾವು ವ್ಯಾಸರಿಗೆ ಕೈಮುಗಿಯುತ್ತೇವೆ. ಹೆದೆಯನ್ನು ಕೊಪ್ಪಿಗೆ ಸಿಕ್ಕಿಸುವಷ್ಟರಲ್ಲಿ ಕೈಜಾರಿದ ಬಿರುಸಾದ ಬಿಲ್ಲು ಆಳನ್ನು ಒದೆದು ಬೀಳಿಸುವುದು ಬಿಲ್ಲನ್ನು ಬಲ್ಲವರೆಲ್ಲರೂ ಕಂಡಿರುವ ಸಂಗತಿ. ಕೊಂಬು, ಮರ, ನರಗಳನ್ನು ಬೆಸೆದು ಮಾಡಿದ ಶಾರ್ಙ್ಗಜಾತಿಯ ಬಿಲ್ಲಂತೂ ಹೆದೆ ಬಿಚ್ಚಿದೊಡನೆ ಹಿಂದುಮುಂದಾಗಿ ಬಾಗಿ ನಿಲ್ಲುವುದು. ಅದನ್ನು ಯಾವ ಕಡೆಗೆ ಬಗ್ಗಿಸಬೇಕೆಂಬುದೇ ಅರಿಯದವನಿಗೆ ತೋಚದು. ಬಲದಷ್ಟೇ ಬಳಕೆಯೂ ಬೇಕಾದ ಕಾರ್ಯವಿದು.

ಗ್ರೀಕರ ಹೋಮರನ ಕಾವ್ಯದಲ್ಲಿಯೂ ಇಂಥದೇ ಪ್ರಸಂಗವಿರುವುದನ್ನು ಓದಿದವರು ಬಲ್ಲರು. ಇಪ್ಪತ್ತು ವರ್ಷದ ಮೇಲೆ ಭಿಕ್ಷುಕನ ವೇಷದಲ್ಲಿ ಮನೆಗೆ ಮರಳಿದ ಒಡಿಸ್ಯೂಸನು ತನ್ನ ಬಿಲ್ಲನ್ನು ಕೈಗೆ ತೆಗೆದುಕೊಂಡೊಡನೆ ಏರಿಸುವುದಿಲ್ಲ. ತಾನಿಲ್ಲದಾಗ ಕೊಂಬಿಗೆ ಹುಳು ಹತ್ತಿದೆಯೋ ಎಂದು ತಿರುಗಿಸಿ ತಿರುಗಿಸಿ ನೋಡುತ್ತಾನೆ. ಅವನಿಗಿಂತ ಮೊದಲು ಕೈಹಚ್ಚಿದ ವಿಟರು ಅದನ್ನು ಬೆಂಕಿಗೆ ಕಾಯಿಸಿ, ಕೊಬ್ಬು ಸವರಿ, ಆದರೂ ಸೋತಿದ್ದರು. ಒಡಿಸ್ಯೂಸನು ಕುಳಿತಲ್ಲಿಯೇ ಏರಿಸಿ, ಹೆದೆಯನ್ನು ಬೆರಳಿನಿಂದ ಮೀಟಿ ಅದರ ದನಿಯನ್ನು ಕೇಳುತ್ತಾನೆ. ನಮ್ಮವರು 'ಜೇವೊಡೆ' ಎಂದು ಕರೆದುದು ಇದನ್ನೇ. ಹೆದೆ ಸರಿಯಾಗಿ ಕುಳಿತಿದೆಯೇ, ಎಳೆ ಸಡಿಲವಾಗಿದೆಯೇ ಎಂಬುದನ್ನು ಕಿವಿಯಿಂದ ಪರೀಕ್ಷಿಸುವ ಬಿಲ್ಗಾರನ ರೂಢಿ ಅದು. ನಮ್ಮ ಕನ್ನಡ ಕವಿಗಳ ಕೈಯಲ್ಲಿ ಅದರ ಗತಿಯೇನಾಯಿತು! ಜೇವೊಡೆದರೆ ಸಾಕು, ದಿಗ್ಗಜಗಳು ಕೆಡೆಯುವುವು, ಆದಿಶೇಷನ ಹೆಡೆ ನಡುಗುವುದು, ಕಡಲು ಉಕ್ಕುವುದು. ಒಂದೆರಡು ಸಲ ಕೇಳಲು ಚೆಂದವೇ; ಐವತ್ತನೆಯ ಸಲ ದಿಗ್ಗಜವು ಕೆಡೆದಾಗ ಕೇಳುವವನಿಗೆ ಕನಿಕರ ಹುಟ್ಟುವುದು, ಅದೂ ಶತ್ರುವಿನ ಮೇಲಲ್ಲ, ಆ ಆನೆಗಳ ಮೇಲೆ.

ಜೈನ ರಾಮಾಯಣಗಳ ಪರಂಪರೆ ಇನ್ನೊಂದು ದಾರಿಯನ್ನು ಹಿಡಿಯಿತು. ಪಾರ್ಶ್ವನಾಥ ಬಸದಿಯುಳ್ಳ ಕಮಠಾಣದವರಿಗೆ ಜೈನ ಕಾವ್ಯಗಳು ಪರಕೀಯವಲ್ಲ. ನಾಗಚಂದ್ರನ ರಾಮಚಂದ್ರಚರಿತಪುರಾಣವು ನಮ್ಮ ಮನೆಗಳಲ್ಲಿ ಇನ್ನೂ ಹೆಚ್ಚಾಗಿ ಓದಲ್ಪಡಬೇಕು. ಈ ಪರಂಪರೆಯಲ್ಲಿ ವಜ್ರಾವರ್ತವೆಂಬ ಬಿಲ್ಲು ಬೆಂಕಿಯನ್ನೂ ಹಾವುಗಳನ್ನೂ ಕಾರಿ ಅರಸರನ್ನು ಅಂಜಿಸುತ್ತದೆ. ರಾಮನು ಸಮೀಪಿಸಿದಾಗ ಶಾಂತವಾಗುತ್ತದೆ. ಇಲ್ಲಿ ತೂಕವೂ ಇಲ್ಲ, ಬಿರುಸೂ ಮುಖ್ಯವಲ್ಲ, ಪರೀಕ್ಷೆಯಾಗುವುದು ಧೈರ್ಯ. ಕಲ್ಪನೆ ಗಂಭೀರವಾದುದೇ ಸರಿ, ಆದರೆ ಬಿಲ್ಲು ಬಿಲ್ಲಾಗಿ ಉಳಿಯಲಿಲ್ಲ; ಅದರ ಎಡೆಯಲ್ಲಿ ಕತ್ತಿಯನ್ನಿಟ್ಟಿದ್ದರೂ ನಡೆಯುತ್ತಿದ್ದಿತು.

ಈಗ ನಮ್ಮ ಮುಖ್ಯ ಮಾತಿಗೆ ಬರುವೆವು. ಸ್ವಯಂವರದ ದಿನ ನಡೆಯುವುದು ಪರೀಕ್ಷೆ. ಅದರ ಹಿಂದೆ ಹತ್ತಾರು ವರ್ಷಗಳ ಅಭ್ಯಾಸವಿದೆ. ಪರೀಕ್ಷೆಯನ್ನು ಹಾಡಿ ಅಭ್ಯಾಸವನ್ನು ಮರೆತ ಕವಿಯು ತನ್ನ ನಾಯಕನಿಗೆ ಉಪಕಾರ ಮಾಡಿದಂತೆ ತೋರಿದರೂ ನಿಜವಾಗಿ ಅವನ ಶ್ರಮವನ್ನು ಕದ್ದಂತಾಗುವುದು. ವ್ಯಾಸರು ಹಾಗೆ ಮಾಡಲಿಲ್ಲ. ಆದಿಪರ್ವದಲ್ಲಿ ಅರ್ಜುನನು ರಾತ್ರಿ ಉಣ್ಣುತ್ತಿರುವಾಗ ಗಾಳಿಗೆ ದೀಪವು ನಂದುವುದು. ಕತ್ತಲಲ್ಲಿಯೂ ಕೈ ತಪ್ಪದೆ ಬಾಯಿಗೇ ಹೋಗುವುದನ್ನು ಅವನು ಗಮನಿಸುವನು. ಅದು ರೂಢಿಯ ಬಲವೆಂದು ತಿಳಿದು ಅಂದಿನಿಂದ ಇರುಳಲ್ಲಿ ಬಿಲ್ಲನ್ನು ಅಭ್ಯಾಸ ಮಾಡತೊಡಗುವನು. ಹೆದೆಯ ದನಿ ಬಿಲ್ಲೋಜನಾದ ದ್ರೋಣನ ಕಿವಿಗೆ ಬೀಳುತ್ತದೆ. ಅವನು ಎದ್ದುಬಂದು ಶಿಷ್ಯನನ್ನು ತಬ್ಬಿಕೊಳ್ಳುತ್ತಾನೆ. ದಿಗ್ಗಜವೊಂದೂ ಕೆಡೆಯದ ಈ ಜೇವೊಡೆಯನ್ನು ನಾವು ಭಾರತದ ಎಲ್ಲ ಜೇವೊಡೆಗಳಿಗಿಂತ ಮೇಲೆಂದು ಎಣಿಸುತ್ತೇವೆ.

ಏಕಲವ್ಯನ ಕಥೆಯನ್ನೂ ಈ ಕಣ್ಣಿನಿಂದಲೇ ಓದಬೇಕು. ಹೆದೆಯನ್ನು ಹೆಬ್ಬೆರಳಿನಿಂದ ಸೆಳೆಯುವವನಿಗೆ ಆ ಬೆರಳೇ ವಿದ್ಯೆಯ ಮನೆ. ಕೊಟ್ಟ ಮೇಲೆ ಅವನು ಉಳಿದ ಬೆರಳುಗಳಿಂದ ಸೆಳೆದನೆಂದೂ ಮೊದಲಿನ ವೇಗವು ಬರಲಿಲ್ಲವೆಂದೂ ವ್ಯಾಸರು ಹೇಳಿ ಸುಮ್ಮನಾಗುವರು. ಬಿಲ್ಲನ್ನೇ ಬಿಟ್ಟನೆಂದು ನಮ್ಮ ಶಾಲೆಯ ಪಾಠಗಳಲ್ಲಿ ಬರೆಯುವುದುಂಟು, ಅದು ಸರಿಯಲ್ಲ. ಬಿಡಲಿಲ್ಲ, ಮತ್ತೊಮ್ಮೆ ಮೊದಲಿನಿಂದ ಕಲಿತನು. ಗುರುದಕ್ಷಿಣೆಯ ಕ್ರೌರ್ಯವು ಎಷ್ಟು ಅಳತೆಮಾಡಿ ಕೇಳಿದ್ದೆಂಬುದು ಬಿಲ್ಲಿನ ಹಿಡಿತವನ್ನು ಅರಿತವನಿಗೆ ಮಾತ್ರ ಪೂರ್ತಿಯಾಗಿ ತಿಳಿದೀತು.

ಅಭ್ಯಾಸದ ಕ್ರಮವನ್ನು ಕುರಿತು ನಮ್ಮ ಶಾಸ್ತ್ರಗಳು ಮೌನವಾಗಿಲ್ಲ. ತಾಳೆ, ಬಿದಿರು, ಮರ, ಕೊಂಬುಗಳಿಂದ ಬಿಲ್ಲನ್ನು ಮಾಡುವರೆಂದೂ ಎಕ್ಕದ ನಾರು, ಸೆಣಬು, ನರ ಮೊದಲಾದುವು ಹೆದೆಗೆ ಆಗುವುವೆಂದೂ ಕೌಟಿಲ್ಯನು ಎಣಿಸಿರುವನು. ನಾಲ್ಕು ಮೊಳದ ಬಿಲ್ಲು ಉತ್ತಮ, ಮೂರೂವರೆಯದು ಮಧ್ಯಮ, ಮೂರರದು ಕನಿಷ್ಠವೆಂದು ಅಗ್ನಿಪುರಾಣವು ಹೇಳುವುದು. ಎಲ್ಲಕ್ಕಿಂತ ಬೆಲೆಯುಳ್ಳ ಮಾತು ಧನುರ್ವೇದ ಗ್ರಂಥಗಳಲ್ಲಿದೆ: ಬಿಲ್ಲು ಬಿಲ್ಗಾರನ ಬಲವನ್ನು ಮೀರಬಾರದು, ಬಿಲ್ಲಿನಿಂದಲೇ ಪೀಡೆಗೊಂಡವನ ಕಣ್ಣಿಗೆ ಗುರಿಯು ಕಾಣದು. ಇಂಗ್ಲೆಂಡಿನ ಲ್ಯಾಟಿಮರನೆಂಬ ಧರ್ಮಗುರುವು 1549ರ ಒಂದು ಉಪದೇಶದಲ್ಲಿ, ತನ್ನ ತಂದೆಯು ತನಗೆ ವಯಸ್ಸಿಗೂ ಬಲಕ್ಕೂ ತಕ್ಕ ಬಿಲ್ಲನ್ನು ಕೊಂಡುಕೊಡುತ್ತ, ಬೆಳೆದಂತೆಲ್ಲ ಅದನ್ನು ದೊಡ್ಡದು ಮಾಡುತ್ತ ಬಂದನೆಂದೂ, ತೋಳಿನಿಂದಲ್ಲ, ಇಡಿಯ ಮೈಯ ಭಾರವನ್ನಿಕ್ಕಿ ಸೆಳೆಯಲು ಕಲಿಸಿದನೆಂದೂ ನೆನೆದಿರುವನು. ಚೀನದ ಸೈನಿಕ ಪರೀಕ್ಷೆಗಳಲ್ಲಿ ಬಲವನ್ನು ಅಳೆಯುವ ಬಿಲ್ಲುಗಳೇ ಬೇರೆ ಇದ್ದುವು. ಅವುಗಳಿಂದ ಬಾಣ ಬಿಡುತ್ತಿರಲಿಲ್ಲ, ಪೂರ್ತಿ ಸೆಳೆದು ತೋರಿಸಿದರಾಯಿತು. ಗುರಿಯ ಪರೀಕ್ಷೆಯು ಬೇರೆ ಬಿಲ್ಲಿನಿಂದ ನಡೆಯುತ್ತಿದ್ದಿತು. 1901ರಲ್ಲಿ ಆ ಪರೀಕ್ಷೆಗಳೇ ನಿಂತುಹೋದುವು. ದ್ರುಪದನು ಬಲವನ್ನೂ ಗುರಿಯನ್ನೂ ಒಂದೇ ಬಿಲ್ಲಿನಲ್ಲಿ ಕೇಳಿದನು. ಬಿರುಸಾದ ಬಿಲ್ಲನ್ನು ಸೆಳೆದೂ ಅದರಿಂದ ಪೀಡೆಗೊಳ್ಳದೆ ಗುರಿಯನ್ನು ಕಾಣಬಲ್ಲವನು ಅವನಿಗೆ ಬೇಕಾಗಿದ್ದನು. ಸ್ವಯಂವರದ ನಿಜವಾದ ಬಿಗಿ ಇರುವುದು ಇಲ್ಲಿ.

ಇದೆಲ್ಲ ದೂರದ ಮಾತೆಂದು ಬೀದರ ಸೀಮೆಯವರು ತಿಳಿಯಬೇಕಾಗಿಲ್ಲ. ನಮ್ಮ ಜಿಲ್ಲೆಯ ಕಲ್ಯಾಣದಿಂದ ಆಳಿದ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸದಲ್ಲಿ ನೂರು ಅಧ್ಯಾಯಗಳಿವೆ. ಅರಸನ ವಿನೋದಗಳನ್ನು ಹೇಳುವ ಭಾಗವು ಶಸ್ತ್ರವಿನೋದದಿಂದಲೇ ಆರಂಭವಾಗುತ್ತದೆ. ಆ ಗ್ರಂಥದ ಅಡಿಗೆಯನ್ನೂ ಸಂಗೀತವನ್ನೂ ಕುರಿತು ಬರೆದವರು ಹಲವರು. ಬಿಲ್ಲನ್ನು ಕುರಿತು ಬರೆದವರು ವಿರಳ. ಇನ್ನು ನಮ್ಮ ಗರಡಿಗಳಲ್ಲಿಯೂ ಶಾಲೆಯ ಅಂಗಳಗಳಲ್ಲಿಯೂ ಹುಡುಗರು ಝಣಝಣ ಎನ್ನಿಸುವ ಲೇಜಿಮನ್ನು ನೋಡಿರಿ. ಲೇಜಿಮ್ ಎಂಬುದು ಪಾರಸಿಯಲ್ಲಿ ಕಲಿಯುವವರ ಮೆತ್ತನೆಯ ಬಿಲ್ಲಿನ ಹೆಸರು. ಹೆದೆಯ ಎಡೆಯಲ್ಲಿ ಕಬ್ಬಿಣದ ಸರಪಳಿಯನ್ನು ಕಟ್ಟಿ ತೋಳನ್ನು ಬಲಿಸುವ ಸಾಧನವದು. ಬಾಣವು ಹೋಯಿತು, ಗುರಿಯು ಹೋಯಿತು, ಅಭ್ಯಾಸವೊಂದು ಕುಣಿತವಾಗಿ ಉಳಿಯಿತು. ನಮ್ಮ ಕಾವ್ಯದಲ್ಲಿ ಆದುದು ಇದಕ್ಕೆ ತೀರ ವಿರುದ್ಧವಾದುದು.

ಮೈಯೇ ಅಭ್ಯಾಸಕ್ಕೆ ಸಾಕ್ಷಿ ನುಡಿಯುವ ಎರಡು ಸ್ಥಳಗಳನ್ನು ಹೇಳದೆ ಮುಗಿಸಲಾರೆವು. ಅರ್ಜುನನು ಬ್ರಾಹ್ಮಣರ ನಡುವಿನಿಂದ ಎದ್ದಾಗ ಕೆಲವರು, ಕರ್ಣಶಲ್ಯರಂಥವರು ಬಗ್ಗಿಸಲಾರದುದನ್ನು ಅಸ್ತ್ರವನ್ನು ಕಲಿಯದ ಈ ಬಡವಟು ಏನು ಮಾಡಿಯಾನು, ನಾವೆಲ್ಲ ನಗೆಗೀಡಾಗುವೆವು ಎಂದು ಹೆದರುವರು. ಬೇರೆಯವರು ಅವನ ಹೆಗಲನ್ನೂ ತೋಳನ್ನೂ ನೋಡಿ, ಇವನು ಕಲಿತವನೇ ಇರಬೇಕು ಎನ್ನುವರು. ಕರ್ಣನು ಬಿಲ್ಲನ್ನೇರಿಸಿದನೆಂದೂ ಸೂತಪುತ್ರನನ್ನು ವರಿಸೆನೆಂದು ದ್ರೌಪದಿಯು ತಡೆದಳೆಂದೂ ಜನಪ್ರಿಯವಾದ ಪಾಠವೊಂದಿದೆ. ಪುಣೆಯಲ್ಲಿ ಸುಕಠಣಕರರು ಸಂಪಾದಿಸಿ 1933ರಲ್ಲಿ ಮುಗಿಸಿದ ಆದಿಪರ್ವದ ಶುದ್ಧಪಾಠವು ಅದನ್ನು ಹೊರಗಿಟ್ಟಿದೆ. ಬ್ರಾಹ್ಮಣರ ಈ ಮಾತಿಗೆ ಅದು ಹೊಂದುವುದೂ ಇಲ್ಲ. ಆದರೂ ಅದನ್ನು ಸೇರಿಸಿದವನು ಸಾಮಾನ್ಯನಲ್ಲವೆಂದು ನಾವು ಹೇಳುವೆವು: ಬಿಲ್ಲು ಒಪ್ಪಿದವನನ್ನು ಕುಲವು ಒಪ್ಪಲಿಲ್ಲವೆಂಬ ಉರಿಯನ್ನು ಅವನು ಕಥೆಯೊಳಕ್ಕೆ ತಂದನು. ಪಾಠಶುದ್ಧಿಗೆ ನಾವು ಸುಕಠಣಕರರ ಪಕ್ಷ. ಕೇಳುಗರ ಕಣ್ಣೀರು ಎಂದೆಂದಿಗೂ ಕರ್ಣನ ಪಕ್ಷ.

ಪಂಪನು, ಕವಿಯೂ ಕಲಿಯೂ ಆಗಿದ್ದುದರಿಂದಲೋ ಏನೋ, 941ರ ತನ್ನ ಭಾರತದಲ್ಲಿ ಬಿಲ್ಲಿನ ತೀರ್ಪನ್ನು ಕೊನೆಯವರೆಗೂ ಎತ್ತಿಹಿಡಿದನು. ದ್ರೌಪದಿಯು ಅಲ್ಲಿ ಅರ್ಜುನನೊಬ್ಬನ ಮಡದಿ. ಸೆಳೆದವನಿಗೇ ಫಲ, ಅದರಲ್ಲಿ ಅಣ್ಣತಮ್ಮಂದಿರಿಗೆ ಪಾಲಿಲ್ಲ. ಅರಿಕೇಸರಿಯನ್ನು ಮೆಚ್ಚಿಸಲು ಮಾಡಿದ ಮಾರ್ಪಾಡೆಂದು ಇದನ್ನು ಹೇಳುವುದು ವಾಡಿಕೆ. ಇರಬಹುದು, ಬಿಲ್ಲಾಳಿನ ನ್ಯಾಯವೂ ಅದರಲ್ಲಿದೆಯೆಂದು ನಮ್ಮ ಮತ.

ಎರಡನೆಯ ಸ್ಥಳವು ವಿರಾಟಪರ್ವದಲ್ಲಿದೆ. ಅಜ್ಞಾತವಾಸಕ್ಕೆ ಹೊರಟ ಅರ್ಜುನನು ತನ್ನ ಎರಡೂ ತೋಳುಗಳ ಮೇಲೆ ಹೆದೆಯು ಬಡಿದು ಬಡಿದು ಆದ ದೊಡ್ಡ ಕಲೆಗಳನ್ನು ಮರೆಸುವುದು ಕಷ್ಟವೆಂದು ಅಣ್ಣನಿಗೆ ಹೇಳಿ, ಬಳೆಗಳನ್ನು ತೊಟ್ಟು ಮುಚ್ಚಿಕೊಳ್ಳುವೆನೆನ್ನುವನು. ಬೃಹನ್ನಳೆಯ ಬಳೆಗಳೆಂದರೆ ನಮ್ಮ ನಾಟಕದವರಿಗೆ ನಗೆಯ ಸರಕು. ವ್ಯಾಸರಿಗೆ ಅವು ಇಪ್ಪತ್ತು ಮೂವತ್ತು ವರ್ಷಗಳ ದುಡಿಮೆಯನ್ನು ಮುಚ್ಚಿದ ಬಟ್ಟೆ. ಮಳೆಗಾಗಿ ವಿರಾಟಪರ್ವವನ್ನು ಓದಿಸುವ ರೂಢಿ ನಮ್ಮ ನಾಡಿನಲ್ಲಿ ಇನ್ನೂ ಇದೆ. ಬರುವ ವರ್ಷ ಕಮಠಾಣದಲ್ಲಿ ಅದನ್ನು ಓದಿಸುವಾಗ ಬಳೆಯ ಮಾತಿಗೆ ಬಂದೊಡನೆ ಒಂದು ಗಳಿಗೆ ನಿಂತು ಅರ್ಥವನ್ನು ಬಿಡಿಸಿ ಹೇಳಬೇಕೆಂದು ವಾಚಕರಲ್ಲಿ ಬಿನ್ನವಿಸಿಕೊಂಡಿದ್ದೇವೆ. ಅವರು ಒಪ್ಪಿರುವರು, ಆ ಹುಡುಗನನ್ನು ಮುಂದಿನ ಸಾಲಿನಲ್ಲಿ ಕೂಡಿಸಲು ಅವನ ಅಜ್ಜಿಯೂ ಒಪ್ಪಿರುವರು.