ಹಿಮ್ಮೇಳದ ಮದ್ದು, ಅದರ ಮಿತಿ

ನಾಲ್ಕು ಜನ ಕೂಡಿ ಹಾಡಿದರೆ ಮನಸ್ಸು ಹಗುರಾಗುತ್ತದೆ ಎಂಬ ಮಾತಿಗೆ ನಮ್ಮಲ್ಲಿ ಎದುರಾಡುವವರಿಲ್ಲ. ಎದುರಾಡುವವರಿಲ್ಲದ ಮಾತನ್ನು ಯಾರೂ ಪರೀಕ್ಷಿಸಿ ನೋಡುವುದೂ ಇಲ್ಲ. ವಾರಕ್ಕೊಮ್ಮೆ ಗುಡಿಯಲ್ಲೋ ಮಠದಲ್ಲೋ ಯಾರದೋ ಪಡಸಾಲೆಯಲ್ಲೋ ಕೂಡುವ ಭಜನಾ ಮಂಡಳಿಯನ್ನು, ಭಕ್ತಿಯ ಲೆಕ್ಕವನ್ನು ಬದಿಗಿಟ್ಟು, ಮನಸ್ಸಿನ ಆರೋಗ್ಯದ ಲೆಕ್ಕಕ್ಕೆ ತಂದು ನೋಡಿದರೆ ಏನು ಉಳಿಯುತ್ತದೆ?

ಅಳತೆಗೋಲಿಗಾಗಿ ಇಂಗ್ಲೆಂಡಿನ ಎರಡು ಅಧ್ಯಯನಗಳನ್ನು ನೋಡಬಹುದು. ಡೇಸಿ ಫ್ಯಾನ್‌ಕೋರ್ಟ್ ಮತ್ತು ರೋಸಿ ಪರ್ಕಿನ್ಸ್ ನಡೆಸಿದ ಮೊದಲನೆಯದು 2018ರಲ್ಲಿ ‘ಬ್ರಿಟಿಷ್ ಜರ್ನಲ್ ಆಫ್ ಸೈಕಿಯಾಟ್ರಿ’ಯಲ್ಲಿ ಪ್ರಕಟವಾಯಿತು. ಹೆರಿಗೆಯ ನಂತರದ ಖಿನ್ನತೆಯ ಲಕ್ಷಣಗಳಿದ್ದ 134 ತಾಯಂದಿರನ್ನು ಮೂರು ಗುಂಪು ಮಾಡಲಾಯಿತು. ಒಂದು ಗುಂಪು ಕೂಸುಗಳ ಜೊತೆ ಹತ್ತು ವಾರ ಕೂಡಿ ಹಾಡಿತು. ಇನ್ನೊಂದು ಕೂಸುಗಳ ಜೊತೆ ಆಟವಾಡಿತು. ಮೂರನೆಯದಕ್ಕೆ ಎಂದಿನ ಆರೈಕೆಯಷ್ಟೇ ಸಿಕ್ಕಿತು. ಹತ್ತು ವಾರಗಳಲ್ಲಿ ಮೂರೂ ಗುಂಪುಗಳು ಚೇತರಿಸಿಕೊಂಡವು. ವ್ಯತ್ಯಾಸ ಕಂಡದ್ದು ಲಕ್ಷಣಗಳು ಹೆಚ್ಚಾಗಿದ್ದವರಲ್ಲಿ: ಅವರ ಪೈಕಿ ಹಾಡಿದವರು ಬೇಗ ಸುಧಾರಿಸಿದರು.

ಎರಡನೆಯದು 2015ರದು, ಪಿಯರ್ಸ್, ಡನ್‌ಬಾರ್ ಮತ್ತು ಸಂಗಡಿಗರದು. ವಯಸ್ಕರಿಗಾಗಿ ಹೊಸದಾಗಿ ಆರಂಭವಾದ ಹಾಡು, ಕರಕುಶಲ ಮತ್ತು ಕಥೆ-ಕವಿತೆ ಬರೆಯುವ ತರಗತಿಗಳನ್ನು ಅವರು ಏಳು ತಿಂಗಳು ಗಮನಿಸಿದರು. ಹಾಡುವವರು ಮೊದಲ ತಿಂಗಳಲ್ಲೇ ಒಬ್ಬರಿಗೊಬ್ಬರು ಹತ್ತಿರವಾದರು. ಏಳನೆಯ ತಿಂಗಳ ಹೊತ್ತಿಗೆ ಎಲ್ಲ ತರಗತಿಗಳೂ ಸರಿಸಮ.

ಎರಡನ್ನೂ ಜೊತೆಗಿಟ್ಟು ಓದಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಕೂಡಿ ಹಾಡುವುದರ ದೊಡ್ಡ ಗುಣ ಅದರ ವೇಗ. ಕೊನೆಗೆ ತಲುಪುವ ಊರಿಗೆ ಬೇರೆ ದಾರಿಗಳೂ ಇವೆ. ಹಾಡು ಅಲ್ಲಿಗೆ ಬೇಗ ಮುಟ್ಟಿಸುತ್ತದೆ. ಭಜನೆಯ ಶಕ್ತಿಯನ್ನೂ ದೌರ್ಬಲ್ಯವನ್ನೂ ಈ ವೇಗದಿಂದಲೇ ಅರ್ಥ ಮಾಡಿಕೊಳ್ಳಬೇಕೆಂಬುದು ನನ್ನ ವಾದ.

ಶಕ್ತಿಯಿರುವುದು ಭಜನೆಯ ಕಟ್ಟಿನಲ್ಲೇ. ಹಾರ್ಮೋನಿಯಂನವರು ಕಪ್ಪು ಎರಡಕ್ಕೋ ಬಿಳಿ ನಾಲ್ಕಕ್ಕೋ ಶ್ರುತಿ ಹಿಡಿಯುತ್ತಾರೆ. ಮುಂದಾಳು ಒಂದು ಸೊಲ್ಲು ಹೇಳಿದರೆ ಹಿಮ್ಮೇಳ ಅದನ್ನೇ ಎತ್ತಿಕೊಳ್ಳುತ್ತದೆ. ಹೊಸಬರಿಗೆ ಹಾಡು ಬಾಯಿಗೆ ಬರುತ್ತಿರಬೇಕೆಂದೇನಿಲ್ಲ. ಕಿವಿಗೆ ಬಿದ್ದದ್ದನ್ನು ತಿರುಗಿ ಹೇಳಿದರಾಯಿತು. ತಪ್ಪಿದರೆ ಪಕ್ಕದವರ ದನಿಯಲ್ಲಿ ತಪ್ಪು ಮುಚ್ಚಿಹೋಗುತ್ತದೆ. ದನಿಯೇ ಏಳದವರ ಕೈಗೆ ತಾಳ ಕೊಡುತ್ತಾರೆ, ಅದೂ ಬೇಡವೆಂದರೆ ಚಪ್ಪಾಳೆ ಇದ್ದೇ ಇದೆ. ಮುಂದಾಳು ಹಾಡುವಷ್ಟು ಹೊತ್ತು ಹಿಮ್ಮೇಳಕ್ಕೆ ಉಸಿರೆಳೆದುಕೊಳ್ಳಲು ಬಿಡುವು. ನಿಧಾನ ಗತಿಯಲ್ಲಿ ಶುರುವಾದದ್ದು ದುಗುಣಕ್ಕೆ ಏರುವ ಹೊತ್ತಿಗೆ ಇಪ್ಪತ್ತು ಜನರ ಉಸಿರಾಟ ಒಂದೇ ಲೆಕ್ಕಕ್ಕೆ ಬಂದಿರುತ್ತದೆ.

ಇನ್ನೊಂದು ವಿಷಯವಿದೆ. ಎಲ್ಲರ ಮುಖವೂ ದೇವರ ಪಟದ ಕಡೆಗಿರುತ್ತದೆ. ಖಿನ್ನತೆಯಲ್ಲಿರುವವರಿಗೆ ಎದುರುಬದುರು ಕೂತು ಮಾತಾಡುವುದೇ ಬೆಟ್ಟದಂಥ ಕೆಲಸ. ಇಲ್ಲಿ ಯಾರೂ ಎದುರಿಗಿಲ್ಲ, ‘ಏನಾಗಿದೆ ನಿನಗೆ’ ಎಂದು ಕೇಳುವವರೂ ಇಲ್ಲ. ಆದರೂ ಜನರ ನಡುವೆ ಇದ್ದಂತಾಯಿತು. ಕಲಬುರಗಿ, ವಿಜಯಪುರದ ಕಡೆ ಏಕತಾರಿ, ದಮ್ಮಡಿಗಳೊಂದಿಗೆ ರಾತ್ರಿಯಿಡೀ ನಡೆಯುವ ಭಜನೆಗಳಲ್ಲಿ ಕಡಕೋಳ ಮಡಿವಾಳಪ್ಪನವರ, ಶಿಶುನಾಳ ಶರೀಫರ ತತ್ವಪದಗಳಿರುತ್ತವೆ. ಸಾವು, ಸಂಸಾರದ ಜಂಜಾಟ, ದೇಹದ ಅಳಿವು ಅಲ್ಲಿ ಮುಚ್ಚುಮರೆಯಿಲ್ಲದ ವಸ್ತುಗಳು. ಮನೆಯಲ್ಲಿ ಆಡಿದರೆ ‘ಅಪಶಕುನ ನುಡಿಯಬೇಡ’ ಎನ್ನಿಸಿಕೊಳ್ಳುವ ಮಾತನ್ನು ಅಲ್ಲಿ ಹತ್ತು ಜನರೊಂದಿಗೆ ಗಟ್ಟಿಯಾಗಿ ಹಾಡಬಹುದು. ಕರಾವಳಿಯ ಏಕಾಹ ಭಜನೆಯಲ್ಲಿ ತಂಡಗಳು ಸರದಿಯ ಮೇಲೆ ಬಂದು ಹಗಲಿರುಳು ಹಾಡು ಕಡಿಯದಂತೆ ನೋಡಿಕೊಳ್ಳುತ್ತವೆ. ಹಾಡಿನ ಭಾರ ಯಾರೊಬ್ಬರ ಮೇಲೂ ಬೀಳುವುದಿಲ್ಲ.

ಇಷ್ಟು ಒಳ್ಳೆಯ ಕಟ್ಟನ್ನು ನಾವೇ ಕೆಡಿಸುತ್ತಿದ್ದೇವೆ. ಮೊದಲ ಆರೋಪಿ ಮೈಕು. ಅದನ್ನು ಮುಂದಾಳಿನ ಬಾಯಿಗಿಟ್ಟು, ಡಬ್ಬಿಯಂಥ ಸ್ಪೀಕರನ್ನು ಬೀದಿಗೆ ತಿರುಗಿಸಿದ ದಿನದಿಂದ ಹಿಮ್ಮೇಳಕ್ಕೆ ತನ್ನ ದನಿ ತನಗೇ ಕೇಳಿಸದು. ಕೇಳಿಸದ ದನಿಯನ್ನು ಎಷ್ಟು ಹೊತ್ತು ಎತ್ತಿಯಾರು? ನಾಲ್ಕನೆಯ ಹಾಡಿಗೆ ಹಿಂದಿನ ಸಾಲು ಬರಿದೇ ತುಟಿ ಆಡಿಸುತ್ತಿರುತ್ತದೆ. ಆಮೇಲೆ ಸ್ಪರ್ಧೆ, ಬಹುಮಾನ, ಒಂದೇ ಬಣ್ಣದ ಸೀರೆ ಬರುತ್ತವೆ. ಸ್ಪರ್ಧೆಗೆ ನಿಂತ ಮಂಡಳಿ ಶ್ರುತಿ ಸೇರದವರನ್ನು ನಯವಾಗಿ ಹಿಂದಕ್ಕೆ ಸರಿಸುತ್ತದೆ. ಹಾಗೆ ಹಿಂದೆ ಸರಿದವರಿಗೇ ಆ ಜಾಗದ ಅಗತ್ಯ ಹೆಚ್ಚಿದ್ದಿರಬಹುದು.

ಎರಡನೆಯ ಕೊರತೆ, ಯಾರು ಒಳಗೆ, ಯಾರು ಹೊರಗೆ ಎಂಬುದರದು. ಜಾತಿಯ ಗೆರೆ ಹಲವು ಮಂಡಳಿಗಳ ಹೊಸಿಲಲ್ಲೇ ಇದೆ, ಬೇರೆ ಧರ್ಮದವರಂತೂ ದೂರವೇ. ತಿಂಗಳ ಮೂರು ದಿನ ಹೆಂಗಸರು ತಾವೇ ಬರುವುದಿಲ್ಲ. ಎಲ್ಲಕ್ಕಿಂತ ವಿಪರ್ಯಾಸವೆಂದರೆ, ಇಂಗ್ಲೆಂಡಿನ ಅಧ್ಯಯನ ಯಾರಿಗಾಗಿ ನಡೆಯಿತೋ ಆ ಬಾಣಂತಿಗೇ ನಮ್ಮ ಭಜನೆಯಲ್ಲಿ ಜಾಗವಿಲ್ಲ. ಆಕೆ ಕೋಣೆಯ ಕತ್ತಲಲ್ಲಿ, ಸೊಂಟಕ್ಕೆ ಬಟ್ಟೆ ಬಿಗಿದು, ಕಿವಿಗೆ ಹತ್ತಿ ಇಟ್ಟುಕೊಂಡು ಮಲಗಿರಬೇಕು. ತೊಟ್ಟಿಲು ಶಾಸ್ತ್ರದ ದಿನ ಹೆಂಗಸರೆಲ್ಲ ಸೇರಿ ಲಾಲಿ ಹಾಡುತ್ತಾರೆ ನಿಜ. ಅಲ್ಲಿ ಹತ್ತು ವಾರ, ಇಲ್ಲಿ ಒಂದು ದಿನ. ಅದೂ ಹಾಡುವವರು ಬಂದವರು, ಆಕೆ ಕೇಳುವವಳು.

ಮೂರನೆಯದು ಅಪಾಯದ ಮಾತು. ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಮಾನಸಿಕ ಕಾಯಿಲೆಯಿಂದ ಬಳಲುವ ನೂರು ಜನರಲ್ಲಿ, ಕಾಯಿಲೆ ಯಾವುದೆಂಬುದರ ಮೇಲೆ, 70ರಿಂದ 92 ಜನರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಇಂಥ ಕಡೆ ‘ಮಾತ್ರೆ ಯಾಕೆ, ನಾಲ್ಕು ದಿನ ಭಜನೆಗೆ ಬಾ, ಎಲ್ಲ ಸರಿಹೋಗುತ್ತೆ’ ಎಂಬ ಉಪದೇಶ ಕೇಡು ಮಾಡುತ್ತದೆ. ಬೇಗ ಸಿಗುವ ಸಮಾಧಾನವನ್ನು ವಾಸಿಯಾಯಿತೆಂದು ತಿಳಿಯುವುದು ಸುಲಭ. ವೇಗದ ದೌರ್ಬಲ್ಯ ಇದು. ಆ ಎರಡೂ ಅಧ್ಯಯನಗಳಲ್ಲಿ ಹಾಡಿದವರು ತಾವಾಗಿ ಒಪ್ಪಿ ಬಂದವರೆಂಬುದನ್ನೂ ಮರೆಯಬಾರದು. ಒತ್ತಾಯದಿಂದ ಕೂರಿಸಿ ಹಾಡಿಸುವವರಿಗೆ ಅವುಗಳಿಂದ ಸಮರ್ಥನೆ ಸಿಗದು.

ಹೀಗಾಗಿ ಮಂಡಳಿಯ ನಿಜವಾದ ಪರೀಕ್ಷೆ ಹಾಡು ಮುಗಿದ ಮೇಲೆ ನಡೆಯುತ್ತದೆ. ಮಂಗಳ ಹಾಡಿ, ಪನಿವಾರ ಹಂಚಿ, ಚಾಪೆ ಸುತ್ತಿ ಹೊರಡುವಾಗ ‘ಮೂರು ವಾರದಿಂದ ಇಂಥವರು ಕಾಣಲಿಲ್ಲವಲ್ಲ’ ಎಂದು ಯಾರಾದರೂ ಕೇಳುತ್ತಾರೆಯೇ? ಜನರಿಂದ ದೂರವಾಗುವುದು ಖಿನ್ನತೆಯ ಲಕ್ಷಣ. ಬಂದವರನ್ನು ನೋಡಿಕೊಳ್ಳುವ ಮಂಡಳಿಗಳು ಬೇಕಾದಷ್ಟಿವೆ, ಬರುವುದನ್ನು ಬಿಟ್ಟವರ ಮನೆಗೆ ಹೋಗುವಂಥವು ಕಡಿಮೆ.

ಮಾಡಬೇಕಾದದ್ದಕ್ಕೆ ದುಡ್ಡೇನೂ ಬೇಕಿಲ್ಲ. ವಾರದ ಭಜನೆಗೆ ಮೈಕು ಬೇಡ, ಹಬ್ಬಕ್ಕಿರಲಿ. ಮನೆಗಳಲ್ಲಿ ಸರದಿಯ ಮೇಲೆ ಭಜನೆ ಇಡುವ ರೂಢಿ ಹಲವು ಊರುಗಳಲ್ಲಿದೆ. ಆ ಸರದಿಯಲ್ಲಿ ಬಾಣಂತಿಯ ಮನೆಯೂ ಬರಲಿ, ಆಕೆಯೂ ಹಾಡಲಿ. ಮಾತು ಕಡಿಮೆ ಮಾಡಿದವರನ್ನು ವೈದ್ಯರ ಬಳಿಗೆ ಕರೆದುಕೊಂಡು ಹೋಗುವ ಒಬ್ಬಿಬ್ಬರು ಮಂಡಳಿಯಲ್ಲಿರಲಿ. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಮುಂದಿನ ವಾರದ ಭಜನೆ ಎಲ್ಲೆಂದು ಹೇಳುವಾಗಲೇ ಹೇಳಬಹುದು, ಕರೆಗೆ ಕಾಸಿಲ್ಲ.

ಅಪರಿಚಿತರನ್ನು ಬೇಗ ಹತ್ತಿರ ತರುವ ಕೆಲಸಕ್ಕೆ ಭಜನಾ ಮಂಡಳಿಗೆ ಪೂರ್ಣ ಅಂಕ ಕೊಡಬಹುದು. ಹತ್ತಿರ ಬಂದವರನ್ನು ಉಳಿಸಿಕೊಳ್ಳುವ ವಿಷಯದಲ್ಲಿ ಅದಿನ್ನೂ ಪಾಸಾಗಿಲ್ಲ. ಮೊದಲ ತಿಂಗಳನ್ನು ಹಾಡು ನೋಡಿಕೊಳ್ಳುತ್ತದೆ. ಏಳನೆಯ ತಿಂಗಳಿಗೆ ಹಾಡಿದವರೇ ಹೊಣೆ.