ಮತ್ತರಿಗೆ ಎಷ್ಟು ಎಕರೆ ಅಂತ ಕೇಳುವ ಮೊದಲು

ದಾನಶಾಸನದ ಪಾಠ ಕೊಡುವಾಗ ನಾವು ಅರಸನ ಬಿರುದು, ಶಕವರ್ಷ, ಸಂವತ್ಸರ, ತಿಥಿ ಎಲ್ಲವನ್ನೂ ಅಕ್ಷರ ಬಿಡದೆ ತಿಕ್ಕಿ ನೋಡುತ್ತೇವೆ. ವಾರ ತಿಥಿಗೆ ಹೊಂದದಿದ್ದರೆ ಒಂದು ಪುಟ ಚರ್ಚೆ. ಆದರೆ ‘ಮತ್ತರು’ ಅಂತ ಬಂತೋ, ಯಾವುದೋ ಪುಸ್ತಕದ ಹಿಂದಿನ ಕೋಷ್ಟಕ ತೆರೆದು, ಇಷ್ಟು ಎಕರೆ ಅಂತ ಬರೆದು ಮುಂದಕ್ಕೆ ಹೋಗಿಬಿಡುತ್ತೇವೆ. ಒಂದು ಕೋಷ್ಟಕದ ಅಂಕಿ ಇನ್ನೊಂದಕ್ಕೆ ತಾಳೆಯಾಗುವುದಿಲ್ಲ ಅನ್ನೋದು ಎಲ್ಲರಿಗೂ ಗೊತ್ತು. ಆದರೂ ಆ ಎಕರೆಗಳನ್ನು ಕೂಡಿಸಿ, ದೇವಾಲಯದ ಆಸ್ತಿ ಎಷ್ಟಿತ್ತು, ರೈತನ ತೆರಿಗೆ ಎಷ್ಟಿತ್ತು ಅಂತ ವಾದ ಕಟ್ಟುತ್ತೇವೆ. ಈ ಅಭ್ಯಾಸದ ಮೇಲೆ ನನ್ನ ತಕರಾರಿದೆ. ವೃತ್ತಿಯಲ್ಲಿ ಎಂಜಿನಿಯರ್ ಆದ್ದರಿಂದ ತಕರಾರನ್ನು ಕಾನೂನಿನ ಕಡೆಯಿಂದ ಶುರು ಮಾಡುತ್ತೇನೆ.

2009ರ ಕಾನೂನು ಮಾಪನಶಾಸ್ತ್ರ ಅಧಿನಿಯಮವನ್ನು ಒಮ್ಮೆ ಶಾಸನ ಓದುವ ಕಣ್ಣಿನಿಂದ ಓದಿ ನೋಡಿ. 1956ರ ತೂಕ ಮತ್ತು ಅಳತೆ ಮಾನಕಗಳ ಕಾಯಿದೆ ದೇಶಕ್ಕೆ ಮೆಟ್ರಿಕ್ ಪದ್ಧತಿ ತಂದಿತು. 1976ರಲ್ಲಿ ಅದರ ಜಾಗಕ್ಕೆ ಇನ್ನೊಂದು ಕಾಯಿದೆ ಬಂತು. ಅದರ ಜಾಗಕ್ಕೆ ಬಂದ ಈ 2009ರದ್ದು ಜಾರಿಯಾದದ್ದು 2011ರ ಏಪ್ರಿಲ್ 1ರಂದು. ಉದ್ದಕ್ಕೆ ಮೀಟರ್, ದ್ರವ್ಯರಾಶಿಗೆ ಕಿಲೋಗ್ರಾಂ, ಕಾಲಕ್ಕೆ ಸೆಕೆಂಡ್ ಅಂತ ಅದು ಮೂಲಮಾನಗಳ ಹೆಸರು ಹೇಳುತ್ತದೆ. ಮೀಟರ್ ಅಂದರೆ ಎಷ್ಟು ಉದ್ದ? ಆ ಮಾತು ಅಲ್ಲಿಲ್ಲ. ವಿವರ ನಿಯಮಗಳಲ್ಲಿ ನಿಗದಿಯಾದಂತೆ ಇರತಕ್ಕದ್ದು ಅಂತ ಹೇಳಿ ಅಧಿನಿಯಮ ಸುಮ್ಮನಾಗುತ್ತದೆ. ನಿಯಮಗಳ ಹಿಂದೆ ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯ ಇದೆ. ಅಲ್ಲಿ ಪ್ಲಾಟಿನಂ-ಇರಿಡಿಯಂನ 57ನೇ ಸಂಖ್ಯೆಯ ಕಿಲೋಗ್ರಾಂ ಪ್ರತಿ ಇದೆ. ಕೆಳಗೆ ಬಂದರೆ ಉಲ್ಲೇಖ ಮಾನಕ, ದ್ವಿತೀಯ ಮಾನಕ, ಕಾರ್ಯನಿರತ ಮಾನಕ, ಕೊನೆಗೆ ಸಂತೆಯ ತಕ್ಕಡಿಯ ಮೇಲಿನ ಮುದ್ರೆ. ಅಂದರೆ ಕಾನೂನಿನ ಪಾಠದಲ್ಲಿರೋದು ಹೆಸರು ಮಾತ್ರ. ಅಳತೆ ಇರೋದು ಬೇರೆ ಕಡೆ, ಒಬ್ಬರ ಸುಪರ್ದಿಯಲ್ಲಿ.

ನಮ್ಮ ಶಾಸನಗಳೂ ಹೀಗೇ ಬರೆದಿವೆ. ಬಾದಾಮಿ ಚಾಲುಕ್ಯರ ಸಂಸ್ಕೃತ ದಾನಪತ್ರಗಳಲ್ಲಿ ‘ರಾಜಮಾನೇನ’ ಇಷ್ಟು ನಿವರ್ತನ ಅಂತ ಬರುತ್ತದೆ. ಬಳ್ಳಿಗಾವೆ ಸೀಮೆಯ ಶಾಸನಗಳಲ್ಲಿ ಭೇರುಂಡ ಗಳೆಯಿಂದ ಅಳೆದ ಮತ್ತರು ಬರುತ್ತದೆ. ಹೊನ್ನಿಗೆ ಬಂದರೆ ಬರೀ ಗದ್ಯಾಣ ಸಾಲದು, ಲೊಕ್ಕಿ ಗದ್ಯಾಣ, ಅಂದರೆ ಲೊಕ್ಕಿಗುಂಡಿಯ ಟಂಕಸಾಲೆಯದ್ದು. ಈ ವಿಶೇಷಣಗಳನ್ನು ನಾವು ಅಲಂಕಾರದ ಹಾಗೆ ಓದಿ ದಾಟಿಬಿಡುತ್ತೇವೆ. ನಿಜದಲ್ಲಿ ಅವೇ ಕಾನೂನಿನ ಭಾಗ: ಜಗಳ ಬಂದರೆ ಯಾವ ಕೋಲು ತಂದು ಅಳೆಯಬೇಕು ಅಂತ ಹೇಳುವ ಮಾತು. ವಿಶೇಷಣ ಕಿತ್ತುಹಾಕಿ ‘ಮತ್ತರು = ಎಕರೆ’ ಅಂತ ಬರೆದಾಗ ದಾನಪತ್ರದ ಒಂದು ಷರತ್ತನ್ನೇ ಅಳಿಸಿದ ಹಾಗಾಯಿತು.

ಭೇರುಂಡ ಗಳೆಯ ವಿಷಯದಲ್ಲಿ ಇನ್ನೊಂದು ಮೋಹ ಇದೆ. ಬಳ್ಳಿಗಾವೆಯಲ್ಲಿ 1047ರಲ್ಲಿ ಚಾಮುಂಡರಾಯರಸ ನಿಲ್ಲಿಸಿದ ಗಂಡಭೇರುಂಡ ಸ್ತಂಭ ಕಣ್ಣೆದುರಿಗೇ ಇದೆಯಲ್ಲ, ಅದರ ಎತ್ತರವೇ ಗಳೆ ಅಂದುಬಿಟ್ಟರೆ ಲೆಕ್ಕ ಮುಗೀತು! ಹೆಸರು ಒಂದೇ ಅಂದ ಮಾತ್ರಕ್ಕೆ ಉದ್ದ ಒಂದೇ ಆಗುವುದಿಲ್ಲ. ಕಂಬದ ಎತ್ತರ ಅಂದರೆ ಪೀಠದಿಂದಲೋ, ದಿಂಡಿನದ್ದೋ, ಮೇಲಿನ ಹಕ್ಕಿಯನ್ನೂ ಸೇರಿಸಿಯೋ? ಎರಡು ತುದಿ ಎಲ್ಲಿಂದ ಎಲ್ಲಿಗೆ ಅಂತ ಹೇಳದ ಮಾನಕ ಮಾನಕವೇ ಅಲ್ಲ.

ಇದಕ್ಕೆ ಹೋಲಿಸಿದರೆ ತಂಜಾವೂರಿನ ಬೃಹದೀಶ್ವರದಲ್ಲಿ ರಾಜರಾಜ ಚೋಳನ ಲಿಪಿಕಾರರು ಎಷ್ಟು ಚೊಕ್ಕವಾಗಿ ಬರೆದಿದ್ದಾರೆ ನೋಡಿ. ಚಿನ್ನವನ್ನು ‘ಆಡವಲ್ಲಾನ್’ ಎಂಬ ಕಲ್ಲಿನಿಂದ ತೂಗಿದ್ದು, ರತ್ನಗಳನ್ನು ‘ದಕ್ಷಿಣಮೇರು ವಿಟಂಕನ್’ ಎಂಬ ಕಲ್ಲಿನಿಂದ ತೂಗಿದ್ದು. ಭತ್ತವನ್ನು ಅಳೆದದ್ದು ‘ಆಡವಲ್ಲಾನ್’ ಎಂಬ ಮರಕ್ಕಾಲಿನಿಂದ, ಅದು ‘ರಾಜಕೇಸರಿ’ಗೆ ಸಮ. ಆ ಕೊನೆಯ ಮಾತು ನನಗೆ ಬಹಳ ಇಷ್ಟ. ದೇವಾಲಯದ ಅಳತೆಪಾತ್ರೆ ಅರಸನ ಅಳತೆಪಾತ್ರೆಗೆ ತಾಳೆ ಅಂತ ಹೇಳೋದು ಅಂದರೆ, ಇವತ್ತು ನಮ್ಮ ಕಾರ್ಖಾನೆಯ ಮಾಪಕಕ್ಕೆ ಅಂಟಿಸುವ ಕ್ಯಾಲಿಬ್ರೇಶನ್ ಚೀಟಿಯೇ.

ಕೌಟಿಲ್ಯನಂತೂ ಬಿಡಿ, ಹುಟ್ಟಾ ಮಾಪನಾಧಿಕಾರಿ. ತೂಕದ ಬಟ್ಟುಗಳು ಕಬ್ಬಿಣದವೋ, ಮಗಧ-ಮೇಕಲದ ಕಲ್ಲಿನವೋ ಆಗಿರಬೇಕು, ಇಲ್ಲವೇ ನೀರಿಗೆ ಹಿಗ್ಗದ, ಬಿಸಿಗೆ ಕುಗ್ಗದ ವಸ್ತುವಿನವಾಗಬೇಕು ಅಂತಾನೆ. ನಾಲ್ಕು ತಿಂಗಳಿಗೊಮ್ಮೆ ಮುದ್ರೆ. ಅದಕ್ಕಿಂತ ಮುಖ್ಯ, ಉದ್ದದ ಮಾನವನ್ನು ಅವನು ಬಳಕೆಗೆ ತಕ್ಕಂತೆ ಬೇರೆ ಮಾಡುತ್ತಾನೆ. ಸಾಮಾನ್ಯ ದಂಡ 96 ಅಂಗುಲ. ದಾರಿ, ಕೋಟೆಗೋಡೆ ಅಳೆಯಲು 108 ಅಂಗುಲದ ಧನುಸ್ಸು. ಬ್ರಹ್ಮದೇಯಕ್ಕೆ 192 ಅಂಗುಲದ ದಂಡ. ಉದ್ದ ಎರಡರಷ್ಟಾದರೆ ಚದರ ನಾಲ್ಕರಷ್ಟು. ಅಂದರೆ ಲೆಕ್ಕದಲ್ಲಿ ಅಷ್ಟೇ ಚದರ ದಂಡ ಬರೆದಿದ್ದರೂ, ದಾನ ಪಡೆದವನಿಗೆ ನಾಲ್ಕು ಪಟ್ಟು ನೆಲ. ಗ್ರಂಥ ಹೇಳಿದಂತೆಯೇ ಎಲ್ಲ ಕಡೆ ನಡೆಯಿತು ಅಂತ ನಾನು ಹೇಳುತ್ತಿಲ್ಲ. ಆದರೆ ದಾನದ ಕೋಲು ಬೇರೆ, ಕಂದಾಯದ ಕೋಲು ಬೇರೆ ಇರಬಹುದು ಎಂಬ ಯೋಚನೆ ಅಷ್ಟು ಹಳೆಯದು. ನಮ್ಮ ಕೋಷ್ಟಕಗಳಲ್ಲಿ ಅದಕ್ಕೆ ಒಂದು ಅಂಕಣವೂ ಇಲ್ಲ.

ಈ ‘ಚದರ’ದ ಪೆಟ್ಟು ಎಷ್ಟು ಅಂತ ಸಣ್ಣ ಲೆಕ್ಕದಲ್ಲಿ ನೋಡೋಣ. 18 ಗೇಣಿನ ಒಂದು ಕೋಲು ಅಂದುಕೊಳ್ಳಿ. ಗೇಣು 8 ಅಂಗುಲ ಅಂದರೆ, ಇಲ್ಲಿ ಇಂಚಿನ ಅಂಗುಲ, ಕೋಲು 12 ಅಡಿ. ಗೇಣು 9 ಅಂಗುಲ ಅಂದರೆ ಹದಿಮೂರೂವರೆ ಅಡಿ. ಚದರ ಕೋಲು ಒಂದರಲ್ಲಿ 144 ಚದರಡಿ, ಇನ್ನೊಂದರಲ್ಲಿ 182.25. ಬೆರಳಗಲದ ವ್ಯತ್ಯಾಸಕ್ಕೆ ನೂರಕ್ಕೆ 26ಕ್ಕೂ ಮಿಕ್ಕಿ ನೆಲ ಹೆಚ್ಚು. ಇಷ್ಟು ಅನುಮಾನ ಇರುವ ಜಾಗದಲ್ಲಿ ‘ಸುಮಾರು 3.4 ಎಕರೆ’ ಅಂತ ಬರೆದರೆ, ಆ ದಶಮಾಂಶ ಬಂದದ್ದು ಶಾಸನದಿಂದಲ್ಲ, ಕ್ಯಾಲ್ಕುಲೇಟರಿನಿಂದ.

ಹಳೆಯ ಕಾಲ ಬಿಡಿ, ಅಡಿ-ಎಕರೆಯಾದರೂ ಗಟ್ಟಿ ಅಂತೀರಾ? ಭಾರತದ ಮಹಾ ತ್ರಿಕೋನಮಿತೀಯ ಸರ್ವೆಯ ಕತೆ ಕೇಳಿ. ಬೆಂಗಳೂರಿನ ಬಳಿ 1804ರಲ್ಲಿ ಆಧಾರರೇಖೆ ಅಳೆದ ಲ್ಯಾಂಬ್ಟನ್‌ನ ಸರ್ವೆಯೇ ಅದು. ಅವನ ನಂತರ ಬಂದ ಎವರೆಸ್ಟ್ 1830ರಲ್ಲಿ ಭೂಮಿಯ ಅರ್ಧ ದೀರ್ಘಾಕ್ಷವನ್ನು 2,09,22,931.80 ಅಡಿ ಅಂತ ಕೊಟ್ಟ. ಅದು ಭಾರತೀಯ ಅಡಿ. ಆ ಅಡಿಯನ್ನು ಮೀಟರಿಗೆ ತರುವಾಗ 1937ರ ಮೌಲ್ಯ 0.30479841, 1962ರದ್ದು 0.3047996. ಮೊದಲನೆಯದರಲ್ಲಿ ಗುಣಿಸಿದರೆ 63,77,276.345 ಮೀಟರ್, ಎರಡನೆಯದರಲ್ಲಿ 63,77,301.243. ಭೂಮಿ 25 ಮೀಟರ್ ಉಬ್ಬಿತು! ಅಡಿಗೆ ಒಂದು ಮೈಕ್ರಾನ್ ಚಿಲ್ಲರೆ ವ್ಯತ್ಯಾಸದಿಂದ. ನಾವು ಇವತ್ತು ಅಡಿ ಅನ್ನೋದು ಇವೆರಡೂ ಅಲ್ಲ, 1959ರ ಒಪ್ಪಂದದ 0.3048. ಹಾಗಾಗಿ ನಕ್ಷೆಯ ಕೆಲಸ ಮಾಡುವವರು ಎವರೆಸ್ಟ್ ಅಂತ ಬರೆದು ಬಿಡುವುದಿಲ್ಲ, ಯಾವ ವರ್ಷದ ವ್ಯಾಖ್ಯೆ ಅಂತಲೂ ಬರೆಯುತ್ತಾರೆ. ಇನ್ನೂರು ವರ್ಷ ಹಿಂದಿನ ಅಡಿಗೆ ಇಷ್ಟು ಮರ್ಯಾದೆ ಇದ್ದರೆ, ಸಾವಿರ ವರ್ಷ ಹಿಂದಿನ ಗಳೆಗೆ ಯಾಕಿಲ್ಲ?

ಬೀಜವರಿಯದ್ದು ಇನ್ನೂ ಬೇರೆ ಜಾತಿ. ‘ಖಂಡುಗ ಬೀಜವರಿ ಗದ್ದೆ’ ಅಂದಾಗ ಅದು ಚದರಳತೆಯೇ ಅಲ್ಲ, ಬಿತ್ತನೆಗೆ ಬೇಕಾದ ಬೀಜದ ಅಳತೆ. 20 ಕೊಳಗಕ್ಕೆ ಖಂಡುಗ ಸರಿ, ಕೊಳಗ ಊರಿಂದೂರಿಗೆ ಬೇರೆ. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಬುಕಾನನ್ ಊರೂರಿನ ಅಳತೆಗಳನ್ನು ಬೇರೆಬೇರೆಯಾಗಿ ಬರೆದುಕೊಂಡದ್ದು ಸುಮ್ಮನೆ ಅಲ್ಲ. ಜೊತೆಗೆ ಮಣ್ಣು ಬೇರೆ, ನೀರು ಬೇರೆ, ಚೆಲ್ಲುವ ಕೈ ಬೇರೆ. ಆ ಮಾನದಲ್ಲಿ ಫಲವತ್ತತೆಯ ಅಂದಾಜು ಅಡಗಿರುತ್ತದೆ. ಎಕರೆ ಮಾಡಿದ ಕೂಡಲೇ ಅದು ಸೋರಿಹೋಗುತ್ತದೆ.

‘ಓದುಗನಿಗೆ ಒಂದು ಅಂದಾಜಾದರೂ ಬೇಡವೇ?’ ಎಂಬುದು ನ್ಯಾಯವಾದ ಪ್ರಶ್ನೆ. ಬೇಕು. ಮೆಟ್ರಿಕ್ ಬಂದು ಇಷ್ಟು ದಶಕವಾದರೂ ನಮ್ಮ ಪಹಣಿಯಲ್ಲಿ ಎಕರೆ-ಗುಂಟೆಯೇ ಇದೆ. ಜನಕ್ಕೆ ಕಣ್ಣಿಗೆ ಕಟ್ಟುವ ಮಾನ ಬೇಕು ಅನ್ನೋದಕ್ಕೆ ಅದಕ್ಕಿಂತ ಸಾಕ್ಷಿ ಬೇಡ. ಆದರೆ ಗುಂಟೆಗೆ 33 ಅಡಿ ಉದ್ದ, 33 ಅಡಿ ಅಗಲ ಎಂಬ ಲಿಖಿತ ವ್ಯಾಖ್ಯೆ ಇದೆ. ಮತ್ತರಿಗೆ ಅಂಥದ್ದು ಸಿಗೋದು ಗಳೆಯ ಉದ್ದ ಮತ್ತು ಒಂದು ಮತ್ತರಿಗೆ ಎಷ್ಟು ಚದರ ಗಳೆ ಎಂಬುದು ಎರಡೂ ಅದೇ ಸೀಮೆಯ, ಅದೇ ಕಾಲದ ಶಾಸನದಿಂದ ತಿಳಿದಾಗ ಮಾತ್ರ. ಆಗ ‘ಇಷ್ಟರಿಂದ ಇಷ್ಟು ಎಕರೆ’ ಅಂತ ಎರಡು ಅಂಕಿ ಕೊಡೋಣ, ಗೇಣು ಎಷ್ಟು ಹಿಡಿದಿದ್ದೇವೆ ಅಂತಲೂ ಬರೆಯೋಣ. ತಿಳಿಯದಿದ್ದರೆ ‘ಭೇರುಂಡ ಗಳೆಯ 12 ಮತ್ತರು’ ಅಂತ ಇದ್ದ ಹಾಗೇ ಬಿಡೋಣ. ಅದೇ ಗಳೆಯ ಇನ್ನೊಂದು ದಾನದ ಜೊತೆ ಹೋಲಿಸಲು ಎಕರೆಯ ಹಂಗು ಬೇಕಿಲ್ಲ.

ತಮಿಳುನಾಡಿನ ಹಲವು ದೇವಾಲಯಗಳ ಗೋಡೆ, ಅಧಿಷ್ಠಾನಗಳ ಮೇಲೆ ಅಳತೆಕೋಲಿನ ಉದ್ದವನ್ನೇ ಗೀರಿ ಗುರುತು ಮಾಡಿದ್ದಾರೆ. ಸುತ್ತಾಟಕ್ಕೆ ಹೋದಾಗ ಅಂಥ ಗೀರು ಕಂಡರೆ ಫೋಟೊ ಒಂದೇ ಸಾಲದು. ಸ್ಟೀಲ್ ಟೇಪಿನಿಂದ ಮೂರು ಸಲ ಅಳೆದು ಮೂರೂ ಓದುಗಳನ್ನು ಮಿಲಿಮೀಟರಿನಲ್ಲಿ ಬರೆದಿಡಿ. ತುದಿಗೀರುಗಳ ಒಳಮೈಯಿಂದಲೋ, ನಡುವಿನಿಂದಲೋ, ಹೊರಮೈಯಿಂದಲೋ ಅನ್ನೋದನ್ನೂ ಬರೆಯಿರಿ. ಪಕ್ಕದಲ್ಲಿ ಕೋಲಿನ ಹೆಸರು ಕೆತ್ತಿದ್ದರೆ ಅದರ ಪಡಿಯಚ್ಚಿಗೆ ಅನುಮತಿ ಕೇಳಿ. ಅಡಿಗೆ ತರುವ ಕೆಲಸ ಆಮೇಲೆ.