ಹಿಂದೆ ಬಂದವರು ಏನಾದರು?

ಕಥೆ ಹೇಳುವವರು ಎರಡು ಬಗೆಯಲ್ಲಿ ಸುಮ್ಮನಾಗುತ್ತಾರೆ. ಹೇಳಬಾರದೆಂದು ಸುಮ್ಮನಾಗುವುದು ಒಂದು. ಹೇಳಲು ಪುರುಸೊತ್ತಾಗದೆ ಸುಮ್ಮನಾಗುವುದು ಇನ್ನೊಂದು. ಸರ್ಕ್ಯುಲೇಟಿಂಗ್ ಲೈಬ್ರರಿಯ ಕಾದಂಬರಿಗಳನ್ನು ಓದಿ ಬೆಳೆದ ನಮ್ಮಂಥವರಿಗೆ ಈ ವ್ಯತ್ಯಾಸವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಲೇಖಕಿ ನಾಯಕಿಯನ್ನು ಬಾಗಿಲ ಬಳಿ ನಿಲ್ಲಿಸಿ, ಅವಳು ಒಳಗೆ ಹೋದಳೋ ಹೊರಗೆ ನಡೆದಳೋ ಹೇಳದೆ ಕಥೆ ಮುಗಿಸಿದರೆ ನಾವು ರಾತ್ರಿಯೆಲ್ಲ ಅದನ್ನೇ ಯೋಚಿಸುತ್ತಿದ್ದೆವು. ಅದೇ ಕೊನೆಯ ಹಾಳೆಯನ್ನು ಯಾರೋ ಹರಿದುಕೊಂಡಿದ್ದರೆ ಲೈಬ್ರರಿಯವನ ಹತ್ತಿರ ಜಗಳಕ್ಕೆ ಹೋಗುತ್ತಿದ್ದೆವು. ಎರಡು ಕಡೆಯೂ ನಮಗೆ ಸಿಗದೆ ಹೋದದ್ದು ಒಂದು ಹಾಳೆಯಷ್ಟು ಕಥೆಯೇ.

ಈಗ ನಾನು ಈ ಮಾತನ್ನು ಎತ್ತಿರುವುದು ಕಾದಂಬರಿಯ ಸಲುವಾಗಿ ಅಲ್ಲ, ಒಂದು ವಿಡಿಯೋ ಗೇಮಿನ ಸಲುವಾಗಿ. ಮೂಗು ಮುರಿಯಬೇಡಿ. ಗುಂಡು ಹಾರಿಸುವುದು, ಕಾರು ಓಡಿಸುವುದು ಅಷ್ಟೇ ವಿಡಿಯೋ ಗೇಮ್ ಅಲ್ಲ. ಮೂವತ್ತು ನಲವತ್ತು ಗಂಟೆ ಹಿಡಿಯುವ, ಪಾತ್ರಗಳ ಜೊತೆ ಕೂತು ಮಾತಾಡಬೇಕಾದ ಆಟಗಳಿವೆ. ಅವರು ಒಂದು ಮಾತು ಹೇಳುತ್ತಾರೆ. ಪರದೆಯ ಮೇಲೆ ನಾಲ್ಕೈದು ಉತ್ತರಗಳು ಬರುತ್ತವೆ. ನಾವು ಒಂದನ್ನು ಆರಿಸುತ್ತೇವೆ. ಆ ಆಯ್ಕೆಯ ಮೇಲೆ ಕಥೆ ಹೊರಳುತ್ತದೆ. ಮಗಳ ಹಳೆಯ ಲ್ಯಾಪ್‌ಟಾಪಿನಲ್ಲಿ ಇಂಥದೊಂದನ್ನು ನಾನು ಬೇಸಿಗೆ ರಜೆಯಲ್ಲಿ ಪೂರ್ತಿ ಆಡಿ ಮುಗಿಸಿದೆ. ಎರಡು ಸಲ. ಮೊದಲ ಸಲ 2005ರಲ್ಲಿ ಕಂಪ್ಯೂಟರಿಗೆ ಬಂದ ರೂಪದಲ್ಲಿ, ಎರಡನೆಯ ಸಲ ಅಭಿಮಾನಿಗಳು ದುರಸ್ತಿ ಮಾಡಿದ ರೂಪದಲ್ಲಿ. ನನ್ನ ತಕರಾರು ಆ ಎರಡರ ನಡುವೆ ಇದೆ.

ಆಟದ ಹೆಸರು ‘ನೈಟ್ಸ್ ಆಫ್ ದಿ ಓಲ್ಡ್ ರಿಪಬ್ಲಿಕ್’ನ ಎರಡನೆಯ ಭಾಗ, ‘ದಿ ಸಿತ್ ಲಾರ್ಡ್ಸ್’. ಸ್ಟಾರ್ ವಾರ್ಸ್ ಸಿನಿಮಾಗಳ ಲೋಕದಲ್ಲಿ, ಆ ಸಿನಿಮಾಗಳಿಗಿಂತ ಸಾವಿರಾರು ವರ್ಷ ಹಿಂದೆ ನಡೆಯುವ ಕಥೆ. ಮೊದಲ ಭಾಗವನ್ನು 2003ರಲ್ಲಿ ಬಯೋವೇರ್ ಎಂಬ ಸಂಸ್ಥೆ ಮಾಡಿತ್ತು. ಅದು ಬಹಳ ಜನಪ್ರಿಯವಾಯಿತು. ಎರಡನೆಯದನ್ನು ಮಾಡುವ ಕೆಲಸ ಅಬ್ಸಿಡಿಯನ್ ಎಂಬ ಹೊಸ ಕಂಪನಿಗೆ ಬಂತು. ಅಬ್ಸಿಡಿಯನ್ ಹುಟ್ಟಿದ್ದು 2003ರ ನಡುವೆ. ಪ್ರಕಾಶಕರಾದ ಲ್ಯೂಕಾಸ್‌ಆರ್ಟ್ಸ್ ಆಟವನ್ನು ಮಾರುಕಟ್ಟೆಗೆ ತಂದದ್ದು 2004ರ ಡಿಸೆಂಬರಿನಲ್ಲಿ, ಕ್ರಿಸ್‌ಮಸ್ ವ್ಯಾಪಾರಕ್ಕೆ ಸರಿಯಾಗಿ. ಲೆಕ್ಕ ಹಾಕಿ ನೋಡಿ, ಬೋರ್ಡು ಹಾಕಿದ ದಿನದಿಂದ ಆಟ ಅಂಗಡಿಗೆ ಬರುವ ದಿನದವರೆಗೆ ಒಂದೂವರೆ ವರ್ಷ. ಇಷ್ಟು ದೊಡ್ಡ ಕಥೆಗೆ ಅದು ಸಾಲದು. ಸಾಲಲಿಲ್ಲ. ಕೊನೆಯ ಭಾಗಕ್ಕೆ ಕತ್ತರಿ ಬಿತ್ತು.

ನಮ್ಮ ಪಾತ್ರಕ್ಕೆ ಹೆಸರಿಲ್ಲ. ಎಲ್ಲರೂ ಕರೆಯುವುದು ‘ಗಡಿಪಾರಾದವಳು’ ಎಂದು. ಗಂಡೋ ಹೆಣ್ಣೋ ನಾವೇ ಆರಿಸಬಹುದು. ನಾನು ಹೆಣ್ಣನ್ನು ಆರಿಸಿಕೊಂಡೆ. (2011ರಲ್ಲಿ ಬಂದ ‘ರೆವನ್’ ಕಾದಂಬರಿಯೂ ಅವಳನ್ನು ಹೆಂಗಸೆಂದೇ ಹೇಳಿ ಮೀಟ್ರಾ ಸೂರಿಕ್ ಎಂದು ಹೆಸರಿಟ್ಟಿತು.) ಅವಳು ಜೆಡೈ ಯೋಧೆಯಾಗಿದ್ದಳು. ಮಲಕೋರ್ ಎಂಬ ಗ್ರಹದ ಬಳಿ ನಡೆದ ಕೊನೆಯ ಯುದ್ಧದಲ್ಲಿ ಒಂದು ಭಯಂಕರ ಯಂತ್ರವನ್ನು ಚಾಲೂ ಮಾಡಲು ಆಜ್ಞೆ ಕೊಟ್ಟಳು. ಶತ್ರುಗಳ ಹಡಗುಗಳ ಜೊತೆಗೆ ತನ್ನವರ ಹಡಗುಗಳೂ ನುಚ್ಚುನೂರಾದವು. ತನ್ನನ್ನು ನಂಬಿ ಹಿಂದೆ ಬಂದವರೆಲ್ಲ ಒಂದೇ ಗಳಿಗೆಯಲ್ಲಿ ಸತ್ತ ಆ ಆಘಾತಕ್ಕೆ ಫೋರ್ಸ್ ಎಂಬ ಆ ಲೋಕದ ಪ್ರಾಣಶಕ್ತಿಯೇ ಅವಳಿಂದ ಕಡಿದುಹೋಯಿತು. ವರ್ಷಗಟ್ಟಲೆ ಅಲೆದ ಮೇಲೆ ಅವಳು ಒಂದು ಗಣಿಯ ಆಸ್ಪತ್ರೆಯಲ್ಲಿ ಕಣ್ಣು ತೆರೆಯುವಲ್ಲಿಂದ ಆಟ ಶುರು. ಪಕ್ಕದ ಶವಾಗಾರದಲ್ಲಿ ಒಬ್ಬ ಮುದುಕಿ ಎದ್ದು ಕೂರುತ್ತಾಳೆ.

ಆ ಮುದುಕಿಯೇ ಕ್ರೇಯಾ. ನಾನು ಈ ಆಟವನ್ನು ಬಿಡದೆ ಆಡಿದ್ದು ಅವಳಿಗಾಗಿ.

ಮುದುಕಿಯರು ಇಂಥ ಆಟಗಳಲ್ಲಿ ಔಷಧಿ ಮಾರಲು, ಕಣ್ಣೀರು ಹಾಕಲು, ಇಲ್ಲವೇ ಶಾಪ ಕೊಡಲು ಇರುತ್ತಾರೆ. ಕ್ರೇಯಾ ಇರುವುದು ಪಾಠ ಹೇಳಲು. ತಲೆಯ ಮೇಲೆ ಮುಸುಕು, ಕಾಣದ ಕಣ್ಣು, ಮೊದಲ ಕೆಲವು ಗಂಟೆಗಳಲ್ಲೇ ಕಡಿದುಹೋಗುವ ಒಂದು ಕೈ. ಧ್ವನಿ ಕೊಟ್ಟಿರುವುದು ಸಾರಾ ಕೆಸ್ಟೆಲ್‌ಮನ್ ಎಂಬ ಬ್ರಿಟಿಷ್ ರಂಗಭೂಮಿ ನಟಿ. ಆ ಒಣ, ದಣಿದ, ಒಳಗೇ ನಗುವ ದನಿಯನ್ನು ಕೇಳುವುದೇ ಒಂದು ಸುಖ. ಕ್ರೇಯಾಳಿಗೆ ನೀವು ಯಾವ ಉತ್ತರ ಕೊಟ್ಟರೂ ಸಮಾಧಾನವಿಲ್ಲ. ನಾರ್ ಶಡ್ಡಾ ಎಂಬ ಕೊಳಕು ನಗರದಲ್ಲಿ ಒಬ್ಬ ಭಿಕ್ಷುಕ ಅಡ್ಡ ಬರುತ್ತಾನೆ. ಅವನಿಗೆ ಬಿಡಿಕಾಸು ಕೊಟ್ಟಿರೋ, ಆ ಕಾಸಿನ ಆಸೆಗೆ ಇನ್ನೊಬ್ಬ ಅವನ ಮೇಲೆ ಬೀಳುವುದನ್ನು ಕ್ರೇಯಾ ನಿಮ್ಮ ಮನಸ್ಸಿಗೆ ಕಾಣಿಸುತ್ತಾಳೆ. ಗದರಿಸಿ ಅಟ್ಟಿದಿರೋ, ಅವನು ಆ ಸಿಟ್ಟನ್ನು ಬೇರೊಬ್ಬನ ಮೇಲೆ ತೀರಿಸಿಕೊಳ್ಳುವುದನ್ನು ಕಾಣಿಸುತ್ತಾಳೆ. ನೀನು ಮಾಡಿದ್ದು ನಿನ್ನ ಕೈಯಲ್ಲೇ ಮುಗಿಯುವುದಿಲ್ಲ, ಅದು ಯಾರ ಮನೆಗೆ ಹೋಗಿ ಮುಟ್ಟಿತು ನೋಡು ಎನ್ನುವುದು ಅವಳ ಪಾಠ. ಬಿ.ಎಡ್.ನಲ್ಲಿ ನಮಗೆ ಪ್ರಶ್ನೋತ್ತರ ವಿಧಾನ ಎಂದು ಒಂದು ಅಧ್ಯಾಯವಿತ್ತು. ಇಷ್ಟು ಕ್ರೂರವಾಗಿ ಅದನ್ನು ಬಳಸುವ ಮೇಷ್ಟರನ್ನು ನಾನು ನೋಡಿರಲಿಲ್ಲ.

ಇಡೀ ಆಟವನ್ನು ಕಟ್ಟಿರುವುದು ಈ ಪಾಠದ ಮೇಲೆ. ದಾರಿಯಲ್ಲಿ ಒಬ್ಬೊಬ್ಬರಾಗಿ ಜೊತೆಗಾರರು ಸೇರಿಕೊಳ್ಳುತ್ತಾರೆ: ಸುಳ್ಳುಬುರುಕ ಆಟನ್, ಬೇಟೆಗಾರ್ತಿ ಮೀರಾ, ಕಣ್ಣಿಲ್ಲದ ವೀಸಾಸ್, ಮೆತ್ತಗೆ ಮಾತಾಡುವ ಯಂತ್ರಶಿಲ್ಪಿ ಬಾವೋ-ಡುರ್. ನಿಮ್ಮ ನಡತೆಯನ್ನು ಅವರು ಗಮನಿಸುತ್ತಿರುತ್ತಾರೆ. ಮೆಚ್ಚಿದರೆ ನಿಮ್ಮ ಪ್ರಭಾವ ಏರುತ್ತದೆ, ಏರಿದರೆ ಮಾತ್ರ ಅವರು ತಮ್ಮ ಕಥೆ ಬಿಚ್ಚುತ್ತಾರೆ. ಆಟನ್ ಒಂದು ಕಾಲದಲ್ಲಿ ಜೆಡೈಗಳನ್ನು ಹಿಡಿದು ಹಿಂಸಿಸುತ್ತಿದ್ದವನು ಎಂದು ಗೊತ್ತಾಗುವುದು ಹಾಗೆ. ಅದಕ್ಕೂ ಮುಂದೆ ಹೋದರೆ ಅವರಲ್ಲಿ ಕೆಲವರನ್ನು ನೀವು ಶಿಷ್ಯರನ್ನಾಗಿ ಮಾಡಿಕೊಳ್ಳಬಹುದು. ಆದರೆ ಒಂದು ಅನುಮಾನವನ್ನು ಆಟ ಮೆಲ್ಲಗೆ ಬಿತ್ತುತ್ತಾ ಬರುತ್ತದೆ. ಇವರು ನಿಮ್ಮನ್ನು ಹಿಂಬಾಲಿಸುತ್ತಿರುವುದು ಪ್ರೀತಿಯಿಂದಲೋ, ಅಥವಾ ನಿಮ್ಮ ಗಾಯಕ್ಕೆ ಜನರನ್ನು ಸೆಳೆದು ಕಟ್ಟಿಹಾಕುವ ಗುಣವಿದೆಯೋ? ಮಲಕೋರಿನಲ್ಲಿ ಹಿಂದೆ ಬಂದವರಿಗೆ ಆದದ್ದೇ ಇವರಿಗೂ ಆಗುತ್ತದೆಯೋ? ಮುಖ್ಯ ಬರಹಗಾರ ಕ್ರಿಸ್ ಅವೆಲೋನ್ ಮತ್ತು ಜೊತೆಯವರು ಈ ಪ್ರಶ್ನೆಯನ್ನು ಎತ್ತಿದ ರೀತಿಯನ್ನು ಎಷ್ಟು ಹೊಗಳಿದರೂ ಕಡಿಮೆ.

ಕೊನೆಗೆ ಕಥೆ ಹೋಗಿ ನಿಲ್ಲುವುದೂ ಮಲಕೋರಿನಲ್ಲೇ. ಕ್ರೇಯಾಳೇ ಅಲ್ಲಿ ಎದುರಾಳಿಯಾಗಿ ಕೂತಿದ್ದಾಳೆ. ನಮ್ಮ ಹಡಗು ಎಬನ್ ಹಾಕ್ ಅಪ್ಪಳಿಸಿ ಬೀಳುತ್ತದೆ. ಗಡಿಪಾರಾದವಳು ಒಬ್ಬಳೇ ಇಳಿದು ನಡೆಯುತ್ತಾಳೆ.

ಉಳಿದವರು?

2005ರ ರೂಪದಲ್ಲಿ ಇದಕ್ಕೆ ಉತ್ತರವಿಲ್ಲ. ಮೀರಾ ಒಂದು ಬಂಡೆಯ ನಡುವೆ ತನ್ನ ಹಳೆಯ ಶತ್ರುವಿನೊಡನೆ ಹೋರಾಡುತ್ತಾಳೆ. ಗೆದ್ದ ಮೇಲೆ ಎಲ್ಲಿಗೆ ಹೋದಳೋ ತಿಳಿಯದು. ಆಟನ್, ವೀಸಾಸ್ ಹಡಗಿನಲ್ಲಿ ಇದ್ದರೋ ಇಲ್ಲವೋ ಎಂಬುದೇ ಕಾಣುವುದಿಲ್ಲ. ಪ್ರಪಾತಕ್ಕೆ ಬಿದ್ದಿದ್ದ ಎಬನ್ ಹಾಕ್ ಕೊನೆಯ ದೃಶ್ಯದಲ್ಲಿ ಏನೂ ಆಗದ ಹಾಗೆ ಹಾರಿಕೊಂಡು ಹೋಗುತ್ತದೆ. ಎಚ್‌ಕೆ-47 ಎಂಬ ಬಾಯಿಬಡುಕ ರೋಬೋಟು ತನ್ನ ನಕಲಿಗಳು ತಯಾರಾಗುವ ಕಾರ್ಖಾನೆಯನ್ನು ಆಟದುದ್ದಕ್ಕೂ ಹುಡುಕುತ್ತದೆ, ನಾವೂ ಸುಳಿವು ಕೂಡಿಸಿ ಕೊಡುತ್ತೇವೆ. ಆ ಕಾರ್ಖಾನೆ ಬರುವುದೇ ಇಲ್ಲ. ಹಡಗು ಹೇಗೆ ಎದ್ದಿತು, ಕಾರ್ಖಾನೆ ಎಲ್ಲಿ, ಇವೆಲ್ಲ ಸಣ್ಣ ತೂತುಗಳು. ಇವುಗಳನ್ನು ಎಣಿಸಿ ನಗುವವರು ಬೇಕಾದಷ್ಟು ಜನ. ನಾನು ಅವನ್ನು ಕ್ಷಮಿಸುತ್ತೇನೆ. ಹಡಗು ಹಾರಿತು, ಸರಿ, ಹಾರಲಿ.

ಬಾವೋ-ಡುರ್‌ನ ವಿಷಯದಲ್ಲಿ ಮಾತ್ರ ಕ್ಷಮಿಸಲಾರೆ. ಮಲಕೋರಿನ ಆ ಯಂತ್ರವನ್ನು ರೂಪಿಸಿದವನು ಅವನೇ. ಆಜ್ಞೆ ಅವಳದು, ಯಂತ್ರ ಅವನದು. ಅಷ್ಟು ಜನರ ಸಾವಿನ ಭಾರವನ್ನು ಹಂಚಿಕೊಂಡಿರುವವರು ಜಗತ್ತಿನಲ್ಲಿ ಇವರಿಬ್ಬರೇ. ಅವನು ನಿಮ್ಮನ್ನು ಈಗಲೂ ಜನರಲ್ ಎಂದೇ ಕರೆಯುತ್ತಾನೆ. ಅಂಥವನು ಅದೇ ಜಾಗಕ್ಕೆ ಮರಳಿದಾಗ ಏನಾಗುತ್ತಾನೆ? ಒಂದು ಪುಟ್ಟ ಹಾರುವ ಯಂತ್ರ ಅವನ ಮುದ್ರಿತ ಸಂದೇಶವನ್ನು ತೋರಿಸುತ್ತದೆ: ಆ ಆಯುಧವನ್ನು ಮತ್ತೊಮ್ಮೆ ಎಬ್ಬಿಸಿ ಗ್ರಹವನ್ನೇ ಮುಗಿಸಿಬಿಡು ಎಂಬ ಅಪ್ಪಣೆ. ಅಷ್ಟೇ. ಮನುಷ್ಯ ಇಲ್ಲ. ಸತ್ತನೆಂದೂ ಹೇಳುವುದಿಲ್ಲ, ಬದುಕಿದನೆಂದೂ ಹೇಳುವುದಿಲ್ಲ. ಆ ಪುಟ್ಟ ಯಂತ್ರವನ್ನು ಇನ್ನೊಂದು ರೋಬೋಟು ಬಂದು ತಡೆಯುತ್ತದೆ. ಆ ದೃಶ್ಯವೂ ಅಲ್ಲಿಗೇ ನಿಂತುಬಿಡುತ್ತದೆ, ಯಾರು ಗೆದ್ದರೆಂಬುದು ತಿಳಿಯದೆ.

ಹಿಂದೆ ಬಂದವರು ಏನಾದರು ಎಂಬ ಪ್ರಶ್ನೆಯನ್ನೇ ಬೆನ್ನೆಲುಬಾಗಿ ಇಟ್ಟುಕೊಂಡ ಕಥೆ, ಹಿಂದೆ ಬಂದವರು ಏನಾದರು ಎಂದು ಹೇಳದೆ ಮುಗಿಯಿತು. ಕತ್ತರಿ ತುದಿಯ ನೂಲಿಗೆ ಬೀಳಲಿಲ್ಲ, ಸೆರಗಿಗೇ ಬಿತ್ತು.

ಇದಕ್ಕೆ ಒಂದು ಸಮರ್ಥನೆ ಕೇಳಿಬರುತ್ತದೆ. ಸಾಯುವ ಮುನ್ನ ಕ್ರೇಯಾ ಭವಿಷ್ಯ ನುಡಿಯುತ್ತಾಳಲ್ಲ, ಕೇಳಿದರೆ ಒಬ್ಬೊಬ್ಬ ಜೊತೆಗಾರನ ಮುಂದಿನ ಬಾಳನ್ನೂ ಹೇಳುತ್ತಾಳಲ್ಲ, ಅದು ಸಾಲದೇ ಎಂದು. ಮಾತುಗಳು ಚೆನ್ನಾಗಿವೆ, ನಿಜ. ಆದರೆ ಬೆಳಗಾಗುತ್ತಿದೆ ಎಂದು ಭಾಗವತರು ಉಳಿದ ಪ್ರಸಂಗವನ್ನು ಎರಡು ಪದ್ಯದಲ್ಲಿ ಮುಗಿಸಿದರೆ ಅದನ್ನು ಆಟ ನೋಡಿದ್ದು ಎನ್ನುತ್ತೇವೆಯೇ? ಮೀರಾ ಎಷ್ಟೋ ವರ್ಷಗಳ ನಂತರ ಎಲ್ಲಿ ಸಾಯುತ್ತಾಳೆ ಎಂಬುದು ನನಗೆ ಬೇಕಿರಲಿಲ್ಲ. ಅವಳು ಆ ದಿನ ಬಂಡೆಯ ನಡುವಿನಿಂದ ಹೇಗೆ ಹೊರಬಂದಳು ಎಂಬುದು ಬೇಕಿತ್ತು.

ಬೇಕೆಂದೇ ಬಿಟ್ಟ ಮೌನವೂ ಈ ಆಟದಲ್ಲಿದೆ. ಅದು ಎಷ್ಟು ಬೇರೆ ಎಂದು ನೋಡಿ. ಗಂಡು ಪಾತ್ರ ಆರಿಸಿದವರಿಗೆ ಮಾತ್ರ ಸಿಗುವ ಒಬ್ಬಳು ಸೇವಕಿಯಿದ್ದಾಳೆ. ಅವಳ ತಾಯಿ ವಚನಭಂಗ ಮಾಡಿದ ಒಬ್ಬ ಜೆಡೈ. ಆ ತಾಯಿ ಈ ಕ್ರೇಯಾಳೇ ಇರಬಹುದೇ ಎಂಬ ಸುಳಿವುಗಳು ಅಲ್ಲಲ್ಲಿ ಬಿದ್ದಿವೆ. ಹೌದೆಂದು ಯಾರೂ ಹೇಳುವುದಿಲ್ಲ. ಹೇಳದಿರುವುದರಿಂದಲೇ ಅವರಿಬ್ಬರೂ ಒಂದೇ ಹಡಗಿನಲ್ಲಿ ಕೂತಿರುವಾಗ ಎದೆ ಬಿಗಿಯುತ್ತದೆ. ನಾಯಕಿ ಹೆಂಗಸಾದರೆ ಈ ಹುಡುಗಿ ಸಿಗುವುದಿಲ್ಲ, ಅವಳ ಬದಲು ಒಬ್ಬ ಸಭ್ಯ ಇತಿಹಾಸಕಾರ ಸಿಗುತ್ತಾನೆ. ಅವನ ಮಾತು ಸಪ್ಪೆ. ಹೆಂಗಸನ್ನು ಆರಿಸಿದವರಿಗೆ ಬಡ ಕಥೆ ಸಿಗುವುದನ್ನು ನಾನು ಕತ್ತರಿಯ ಲೆಕ್ಕಕ್ಕೆ ಹಾಕಲಾರೆ. ಅದು ಬರೆಯುವಾಗಲೇ ಆದ ಅನ್ಯಾಯ.

ಬೇರೆ ಆಟಗಳಲ್ಲೂ ಇಂಥವು ನಡೆದಿವೆ. 2015ರ ‘ಮೆಟಲ್ ಗಿಯರ್ ಸಾಲಿಡ್ 5’ರಲ್ಲಿ ಒಂದು ಮುಖ್ಯ ಅಧ್ಯಾಯವೇ ಆಟದಲ್ಲಿಲ್ಲ, ಅರ್ಧಂಬರ್ಧ ಸಿದ್ಧವಾಗಿದ್ದ ಅದನ್ನು ದುಬಾರಿ ಆವೃತ್ತಿ ಕೊಂಡವರಿಗೆ ಪ್ರತ್ಯೇಕ ಡಿಸ್ಕಿನಲ್ಲಿ ತೋರಿಸಿದರು. 2012ರ ಮಾರ್ಚಿನಲ್ಲಿ ಬಂದ ‘ಮಾಸ್ ಇಫೆಕ್ಟ್ 3’ರ ಕೊನೆಯಲ್ಲಿ, ಲಂಡನ್ನಿನ ರಣರಂಗದಲ್ಲಿ ನಿಮ್ಮ ಪಕ್ಕದಲ್ಲಿದ್ದ ಗೆಳೆಯರು ಮರುಗಳಿಗೆಯಲ್ಲಿ ದೂರದ ಹಡಗಿನಲ್ಲಿ ಕಾಣಿಸಿಕೊಂಡರು. ಜನ ಗಲಾಟೆ ಮಾಡಿದ ಮೇಲೆ ಅದೇ ಜೂನಿನಲ್ಲಿ ಕಂಪನಿ ಪುಕ್ಕಟೆಯಾಗಿ ತೇಪೆ ಹಾಕಿತು: ಹಡಗೇ ರಣರಂಗಕ್ಕೆ ಇಳಿದು ಅವರನ್ನು ಹತ್ತಿಸಿಕೊಳ್ಳುತ್ತದೆ. ಎದುರಿಗೇ ನಿಂತು ಎಲ್ಲವನ್ನೂ ಸುಡುತ್ತಿರುವ ದೈತ್ಯ ಅಷ್ಟು ಹೊತ್ತು ಸುಮ್ಮನೆ ನೋಡುತ್ತಿರುತ್ತದೆ! ಒಂದು ತೂತಿಗೆ ಹಾಕಿದ ತೇಪೆಯ ಹೊಲಿಗೆಯಲ್ಲಿ ಇನ್ನೊಂದು ತೂತು.

‘ಸಿತ್ ಲಾರ್ಡ್ಸ್’ಗೆ ಕಂಪನಿಯಿಂದ ಇಂಥ ತೇಪೆಯೂ ಬರಲಿಲ್ಲ. ಆದರೆ ಕತ್ತರಿಸಿದವರು ಅವಸರದಲ್ಲಿ ಒಂದು ಉಪಕಾರ ಮಾಡಿದ್ದರು. ಬಿಟ್ಟ ದೃಶ್ಯಗಳಿಗೆ ನಟರು ಆಡಿ ಮುಗಿಸಿದ್ದ ಎಷ್ಟೋ ಮಾತುಗಳು ಡಿಸ್ಕಿನ ಒಳಗೇ ಉಳಿದುಬಿಟ್ಟಿದ್ದವು, ರವಿಕೆಯ ಪಕ್ಕದ ಹೊಲಿಗೆಯೊಳಗೆ ಟೈಲರ್ ಮಡಚಿಟ್ಟ ಬಟ್ಟೆಯ ಹಾಗೆ. ಆಟವನ್ನು ಪ್ರೀತಿಸಿದ ಕೆಲವರು ಸಂಬಳವಿಲ್ಲದೆ ವರ್ಷಗಟ್ಟಲೆ ಕೂತು ಆ ಹೊಲಿಗೆ ಬಿಚ್ಚಿದರು. ಅವರ ಕೆಲಸ ‘ರಿಸ್ಟೋರ್ಡ್ ಕಂಟೆಂಟ್ ಮಾಡ್’ ಎಂಬ ಹೆಸರಿನಲ್ಲಿ ಪುಕ್ಕಟೆ ಸಿಗುತ್ತದೆ. ಅದರಲ್ಲಿ ಎಚ್‌ಕೆ-47ಕ್ಕೆ ಅದರ ಕಾರ್ಖಾನೆ ಸಿಗುತ್ತದೆ. ಆಟನ್ ಮಲಕೋರಿನಲ್ಲಿ ಸಿಯಾನ್ ಎಂಬ ಸಾಯದ ರಾಕ್ಷಸನನ್ನು ಎದುರಿಸುತ್ತಾನೆ. ಹಿಂಸಿಸುವುದೇ ಕಸುಬಾಗಿದ್ದವನು ಒಬ್ಬಳನ್ನು ಉಳಿಸಲು ಏಟು ತಿನ್ನುತ್ತಾನೆ. ಆ ಒಂದು ದೃಶ್ಯಕ್ಕೆ ಅವನ ಇಡೀ ಕಥೆ ಕಾಯುತ್ತಿತ್ತು ಎಂದು ಆಗ ಗೊತ್ತಾಗುತ್ತದೆ.

ಬಿಟ್ಟದ್ದೆಲ್ಲ ಬಂಗಾರ ಎಂದು ನಾನು ಹೇಳುವುದಿಲ್ಲ. ರೋಬೋಟುಗಳೇ ತುಂಬಿದ ಎಂ4-78 ಎಂಬ ಒಂದು ಗ್ರಹವನ್ನೂ ಆಗ ಕೈಬಿಟ್ಟಿದ್ದರು. ಅದನ್ನು ಬೇರೆಯಾಗಿ ಪುನಃ ಕಟ್ಟಿದ್ದಾರೆ. ಆಡಿ ನೋಡಿದೆ. ಅಲ್ಲಿಂದಿಲ್ಲಿಗೆ ಓಡಾಟ, ಮತ್ತೆ ಓಡಾಟ. ಕಾಲ ಸಾಲದಿದ್ದಾಗ ಮೊದಲು ಬಿಡಬೇಕಾದದ್ದು ಅದೇ, ಬಿಟ್ಟವರು ಸರಿಯಾಗಿಯೇ ಬಿಟ್ಟರು. ಸಂಪಾದಕರ ಕತ್ತರಿಗೂ ಕ್ಯಾಲೆಂಡರಿನ ಕತ್ತರಿಗೂ ಇರುವ ಭೇದವನ್ನು ಒಂದೇ ಆಟದಲ್ಲಿ ನೋಡಬೇಕೆಂದರೆ ಆ ಗ್ರಹವನ್ನೂ ಬಾವೋ-ಡುರ್‌ನನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು.

2022ರ ಜೂನಿನಲ್ಲಿ ಆಸ್ಪೈರ್ ಎಂಬ ಕಂಪನಿ ಈ ಆಟವನ್ನು ನಿಂಟೆಂಡೊ ಸ್ವಿಚ್ ಯಂತ್ರಕ್ಕೆ ತಂದಾಗ, ಬಿಟ್ಟುಹೋದ ಭಾಗಗಳನ್ನೂ ಮುಂದೆ ಸೇರಿಸಿಕೊಡುವುದಾಗಿ ಹೇಳಿತು. ಒಂದು ವರ್ಷದ ನಂತರ, 2023ರ ಜೂನಿನಲ್ಲಿ, ಆ ಭಾಗಗಳು ಬರುವುದಿಲ್ಲ ಎಂದು ಹೇಳಿತು. ಹತ್ತೊಂಬತ್ತು ವರ್ಷಗಳಲ್ಲಿ ಅದೇ ದೃಶ್ಯಗಳು ಎರಡನೆಯ ಸಲ ಕಾಣೆಯಾದವು.

ಹಾಗಾಗಿ ಆಡುವ ಮನಸ್ಸಿದ್ದವರು ಕಂಪ್ಯೂಟರಿನಲ್ಲೇ ಆಡಿ, ದುರಸ್ತಿಯನ್ನು ಮೊದಲೇ ಹಾಕಿಕೊಂಡು ಆಡಿ. ಸ್ಟೀಮ್ ಎಂಬ ಅಂಗಡಿಯಲ್ಲಿ ಕೊಂಡರೆ 2015ರಿಂದ ಅದು ಅಲ್ಲೇ ಸಿಗುತ್ತದೆ, ಮಕ್ಕಳು ಐದು ನಿಮಿಷದಲ್ಲಿ ಹಾಕಿಕೊಡುತ್ತಾರೆ. ಗಣಿಯೊಳಗಿನ ಮೊದಲ ಮೂರು ನಾಲ್ಕು ಗಂಟೆ ಬೇಸರ ಬರಿಸುತ್ತದೆ. ಅದಕ್ಕೆ ಯಾವ ಕತ್ತರಿಯೂ ಕಾರಣವಲ್ಲ, ಬರೆದದ್ದೇ ಹಾಗೆ. ಕ್ರೇಯಾ ಬಾಯಿ ಬಿಡುವವರೆಗೆ ಸಹಿಸಿಕೊಳ್ಳಿ.